ತೊಂಬತ್ತೆಂಟರ ಫೈಲು

ಅಮೋಲನಿಗೆ ಬಾರದ ವಿದ್ಯೆ ಒಂದೇ, ‘ನನಗೆ ಗೊತ್ತಿಲ್ಲ’ ಎನ್ನುವುದು. ಉಳಿದದ್ದೆಲ್ಲ ತಕ್ಕಮಟ್ಟಿಗೆ ಬರುತ್ತಿತ್ತು. ಸಾಂಗ್ಲಿಯಿಂದ ಮಿರಜಕ್ಕೆ ಹೋಗುವ ರಸ್ತೆಯಲ್ಲಿ ಸಿದ್ಧೇಶ್ವರನ ಗ್ಯಾರೇಜಿದೆ. ಅಲ್ಲಿ ಹತ್ತು ವರ್ಷ ಸ್ಪ್ಯಾನರ್ ಹಿಡಿದು, ಗೇರ್‌ಬಾಕ್ಸ್ ಬಿಚ್ಚಿ, ಸುಟ್ಟ ವೈರು ಹುಡುಕಿ ಒಳ್ಳೆಯ ಹೆಸರು ಮಾಡಿದ್ದ. ಆ ಹೆಸರನ್ನೇ ನಂಬಿ ಸಿದ್ಧೇಶ್ವರ ಅವನನ್ನು ಪುಣೆಗೆ ಹನ್ನೆರಡು ದಿನದ ಕ್ಲಾಸಿಗೆ ಕಳಿಸಿದ. ಕಾರಿನ ಇಂಜಿನ್ನಿಗೂ ಒಂದು ಕಂಪ್ಯೂಟರ್ ಇರುತ್ತದಲ್ಲ, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಯಾವಾಗ ಕಿಡಿ ಕೊಡಬೇಕು ಎಂದು ಅದಕ್ಕೆ ಹೊಸದಾಗಿ ಬುದ್ಧಿ ಹೇಳುವ ಕೆಲಸ. ಟ್ಯೂನಿಂಗ್ ಎನ್ನುತ್ತಾರೆ.

ಮೊದಲ ನಾಲ್ಕು ದಿನ ಚೆನ್ನಾಗಿತ್ತು. ಐದನೆಯ ದಿನ ಪರದೆಯ ತುಂಬ ಪಗಡೆಯ ಹಾಸಿನಂತೆ ಬಣ್ಣಬಣ್ಣದ ಚೌಕದ ಮನೆಗಳು, ಮನೆಗೊಂದು ಅಂಕಿ; ಇಂಜಿನ್ನಿಗೆ ಬುದ್ಧಿ ಹೇಳುವುದು ಆ ಅಂಕಿಗಳನ್ನು ತಿದ್ದಿ. ಅಮೋಲ ಕೈಯೆತ್ತಿ ಏನೋ ಕೇಳಿದ. ಮುಂದಿನ ಬೆಂಚಿನವನೊಬ್ಬ ನಕ್ಕ. ಅವನು ನಕ್ಕದ್ದು ತನ್ನ ಮೊಬೈಲ್ ನೋಡಿ ಇದ್ದರೂ ಇರಬಹುದು. ಆದರೆ ಅಮೋಲನ ಕೈ ಆಮೇಲೆ ಮೇಲೇಳಲಿಲ್ಲ. ಹನ್ನೆರಡು ದಿನ ಮುಗಿಸಿ, ಸರ್ಟಿಫಿಕೇಟು ಹಿಡಿದು ಬಂದ. ಸಿದ್ಧೇಶ್ವರ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ಹೊಡೆಸಿದ. ಪಾಪ, ಗಾಜಿನೊಳಗಿನ ಕಾಗದದ ಬೆಲೆ ಎಷ್ಟೆಂದು ಅಮೋಲನೊಬ್ಬನಿಗೇ ಗೊತ್ತಿತ್ತು.

ಅವನು ಮುಚ್ಚಿಡುತ್ತಿದ್ದ ಇನ್ನೊಂದು ಸಂಗತಿಯಿತ್ತು. ಕರ್ನಾಟಕದ ಗಡಿಗೆ ಹತ್ತಿದ ಲಿಂಗನೂರಿನ ಅವನ ಮನೆಯಲ್ಲಿ ಅಪ್ಪ ಕಾಡಸಿದ್ದಪ್ಪ ಕುರಿಯನ್ನು ಕೂಗಿ ಕರೆಯುವುದೂ ಕನ್ನಡದಲ್ಲಿ, ಅವ್ವ ಮಾಯವ್ವ ಬೈಯುವುದೂ ಕನ್ನಡದಲ್ಲಿ. ಗ್ಯಾರೇಜಿನಲ್ಲಿ ಮಾತ್ರ ಅಮೋಲ ಮರಾಠಿ ಬಿಟ್ಟು ತುಟಿ ಬಿಚ್ಚುತ್ತಿರಲಿಲ್ಲ. ಯಾರೂ ಅವನಿಗೆ ಹಾಗೆ ಮಾಡು ಎಂದಿರಲಿಲ್ಲ. ಲ್ಯಾಪ್‌ಟಾಪ್ ಹಿಡಿದ ಮನುಷ್ಯನಿಗೆ ಕುರಿಹಟ್ಟಿಯ ಮಾತು ಒಪ್ಪುವುದಿಲ್ಲ ಎಂದು ತಾನೇ ತೀರ್ಮಾನಿಸಿಕೊಂಡಿದ್ದ.

ಈ ತೀರ್ಮಾನಕ್ಕೆ ಅಡ್ಡ ಬರುತ್ತಿದ್ದವನು ಮಾರೆಪ್ಪ. ಬಿಜಾಪುರದ ಇಂಡಿ ಕಡೆಯಿಂದ ದುಡಿಯಲು ಬಂದು ಮಿರಜದಲ್ಲಿ ನೆಲೆಸಿದ ಐವತ್ತೈದರ ಆಸಾಮಿ. ಗ್ಯಾರೇಜಿನಲ್ಲಿ ಗಾಡಿ ತೊಳೆಯುವುದು, ಹಿಂದೆಮುಂದೆ ನಿಲ್ಲಿಸುವುದು, ಪೆಟ್ರೋಲ್ ತುಂಬಿಸಿ ತರುವುದು ಅವನ ಕೆಲಸ. ಕನ್ನಡದಲ್ಲಿ ಬೆಳಗಿನಿಂದ ಬೈಗಿನವರೆಗೆ ಹರಟುವವನಿಗೆ ಮರಾಠಿಯಲ್ಲಿ ಬಂಡವಾಳ ಹತ್ತೇ ಮಾತು. “ಬಾ ತಮ್ಮಾ, ಚಹಾ ಕುಡಿಯೂಣು” ಎಂದು ಎಲ್ಲರ ಮುಂದೆ ಕರೆಯುತ್ತಿದ್ದ. ಅಮೋಲ ಜನರಿದ್ದರೆ ಮರಾಠಿಯಲ್ಲಿ ಉತ್ತರಿಸುತ್ತಿದ್ದ. ಜನರಿಲ್ಲದಿದ್ದರೆ “ಹೂಂ ಕಾಕಾ, ಬಂದೆ” ಎನ್ನುತ್ತಿದ್ದ. ಮಾರೆಪ್ಪ ಅದಕ್ಕೆ ಎಂದೂ ಬೇಸರಿಸಿಕೊಂಡವನಲ್ಲ.

ಹೀಗಿರುವಾಗ ಮಯೂರ ತನ್ನ ಕಾರು ತಂದ. ಸಾಂಗ್ಲಿಯ ಅರಿಸಿನ ವ್ಯಾಪಾರಿಯ ಮಗ, ಮೂವತ್ತು ದಾಟಿಲ್ಲ, ಕಾರೆಂದರೆ ಪ್ರಾಣ. ಎರಡು ಲೀಟರಿನ ಟರ್ಬೊ ಇಂಜಿನ್ನು. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಳಗೆ ಹೆಚ್ಚು ಗಾಳಿ ತುರುಕಿಕೊಂಡು ಓಡುವಂಥದ್ದು. ನೂರಾತೊಂಬತ್ತು ಕುದುರೆಯ ಬಲ ಅದಕ್ಕೆ ಹುಟ್ಟಿನಿಂದಲೇ ಇತ್ತು. ಮಯೂರನಿಗೆ ಅದು ಸಾಲದು.

ದಾರಿ ಎರಡಿದ್ದವು. ಒಂದು ಸಾಫ್ಟ್‌ವೇರು ಗ್ಯಾರೇಜಿನವರೇ ಲೈಸೆನ್ಸ್ ತೆಗೆದುಕೊಂಡಿದ್ದು. ಅದರಲ್ಲಿ ಅಂಕಿಗಳನ್ನೆಲ್ಲ ಟ್ಯೂನ್ ಮಾಡುವವನೇ ತಿದ್ದಬೇಕು. ಒಂದಿಷ್ಟು ತಿದ್ದು, ಗಾಡಿ ಓಡಿಸು, ಇಂಜಿನ್ ಏನು ಹೇಳಿತೆಂದು ದಾಖಲೆ ಓದು, ಮತ್ತೆ ತಿದ್ದು. ಎಂಟು ಹತ್ತು ದಿನದ ಕೆಲಸ. ನಮ್ಮೂರಿನ ಪೆಟ್ರೋಲಿಗೆ, ನಮ್ಮೂರಿನ ಬಿಸಿಲಿಗೆ ಹೊಂದಿಸಬಹುದು. ಬಲ ಮಾತ್ರ ಇನ್ನೂರಿಪ್ಪತ್ತರ ಆಸುಪಾಸು ನಿಲ್ಲುತ್ತದೆ. ಇನ್ನೊಂದು ಸಾಫ್ಟ್‌ವೇರು ಹೊರದೇಶದ್ದು, ಎಲ್ಲ ಸಿದ್ಧಮಾಡಿಟ್ಟದ್ದು. ಸ್ಟೀರಿಂಗ್ ಕೆಳಗೆ ಒಂದು ಡಬ್ಬಿ ಚುಚ್ಚಿ, ಮೊಬೈಲಿನಲ್ಲಿ ಪೆಟ್ರೋಲಿನ ದರ್ಜೆ ಆರಿಸಿ, ಬೆರಳು ಒತ್ತಿದರೆ ಹತ್ತು ನಿಮಿಷದಲ್ಲಿ ಮುಗಿಯಿತು. ತೊಂಬತ್ತೊಂದು, ತೊಂಬತ್ತೈದು, ತೊಂಬತ್ತೆಂಟು ಎಂದು ಮೂರು ಫೈಲು. ದೊಡ್ಡ ಅಂಕಿಯ ಫೈಲಿಗೆ ದೊಡ್ಡ ಬಲ, ಆದರೆ ಅದಕ್ಕೆ ಅಂಥದೇ ಪೆಟ್ರೋಲು ಬೇಕು.

“ಯಾವುದು ಹಾಕುತ್ತೀ?” ಎಂದು ಸಿದ್ಧೇಶ್ವರ ಕೇಳಿದ. ಅವನ ಮನಸ್ಸಿದ್ದದ್ದು ಮೊದಲನೆಯದರ ಮೇಲೆ. ಕಲಿಯಲೆಂದೇ ಕಳಿಸಿದ್ದನಲ್ಲ.

ಅಮೋಲನಿಗೆ ಬಣ್ಣದ ಮನೆಗಳು ನೆನಪಾದವು. ‘ಅಣ್ಣಾ, ನನಗದು ಪೂರ್ತಿ ಬರೋದಿಲ್ಲ, ಪುಣೆಯವರಿಗೆ ಫೋನ್ ಮಾಡಿ ಕೇಳುತ್ತ ಮಾಡುತ್ತೇನೆ’ ಎಂದಿದ್ದರೆ ಮುಗಿಯುತ್ತಿತ್ತು, ಯಾರೂ ಅವನ ಕಿವಿ ಹಿಂಡುತ್ತಿರಲಿಲ್ಲ. ಅವನು ಗಂಭೀರವಾಗಿ ಗದ್ದ ತುರಿಸಿಕೊಂಡು, “ನಾನೇ ಬರೆದು ಹಾಕುತ್ತೇನೆ, ಎಂಟು ದಿನ ಕೊಡಿ” ಎಂದ. ಆಮೇಲೆ ಗಾಡಿಯೊಳಗೆ ಕೂತು, ಗಾಜು ಏರಿಸಿಕೊಂಡು, ಸಿದ್ಧ ಫೈಲನ್ನೇ ಇಳಿಸಿದ. ಅದೂ ತೊಂಬತ್ತೆಂಟರದು. ಇನ್ನೂರೈವತ್ತೈದು ಎಂಬ ಅಂಕಿ ಕಣ್ಣು ಕುಕ್ಕಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಚ್ಚರಿಕೆಯೂ ಇತ್ತು. ಓದಲಿಲ್ಲ. ಆ ದರ್ಜೆಯ ಪೆಟ್ರೋಲು ಅವನು ಬಲ್ಲ ಯಾವ ಬಂಕಿನಲ್ಲೂ ಇರಲಿಲ್ಲ.

ಇನ್ನು ಪೆಟ್ರೋಲಿನ ಮಾತು. ಲಿಂಗನೂರಿನಂಥ ಗಡಿಯ ಊರುಗಳವರು ಟಾಕಿ ತುಂಬಿಸುವುದು ಕರ್ನಾಟಕದ ಬಂಕಿನಲ್ಲಿ. ಲೀಟರಿಗೆ ಒಂದೆರಡು ರೂಪಾಯಿ ಅಗ್ಗ. ವಿಚಾರ ಮಾಡಿ ಮಾಡುವ ಕೆಲಸವಲ್ಲ, ಗಾಡಿಯ ಮೂತಿ ತಾನಾಗಿ ಆ ಕಡೆ ತಿರುಗುತ್ತದೆ. ಟ್ರಯಲ್ಲಿಗೆ ಮೊದಲು ಅಮೋಲ ಅದೇ ರೂಢಿಯಲ್ಲಿ, ಯಾರೂ ಹತ್ತಿರವಿಲ್ಲದಾಗ, “ಕಾಕಾ, ಗಡಿ ದಾಟಿ ಫುಲ್ ಮಾಡ್ಕೊಂಡ ಬರ್ರಿ” ಎಂದ. ಮಾರೆಪ್ಪ ಹೋಗಿ ತೊಂಬತ್ತೊಂದರ ಸಾದಾ ಪೆಟ್ರೋಲ್ ತುಂಬಿಸಿ ತಂದ.

ಸಂಜೆ ಮಯೂರ ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಅಮೋಲ. ಮಿರಜದ ಮನೆಗೆ ಹೊರಟಿದ್ದ ಮಾರೆಪ್ಪ ಹಿಂದೆ ಕೂತ. ಮಯೂರ ಪೆಡಲ್ ತುಳಿದದ್ದೇ ತಡ, ಬೆನ್ನು ಸೀಟಿಗೆ ಅಂಟಿತು. ಮಯೂರ ಖುಷಿಯಿಂದ ನಕ್ಕ. ಹಿಂದಿನಿಂದ ಮಾರೆಪ್ಪ ಮುಂದೆ ಬಾಗಿದ.

“ತಮ್ಮಾ, ಇಂಜಿನ್ ಒಳಗ ಸಪ್ಪಳಾ ಬರಾಕತ್ತೈತಿ ನೋಡ. ಡಬ್ಬಿಯೊಳಗ ಗೋಲಿ ಹಾಕಿ ಅಲಗಾಡಿಸಿದಂಗ.”

ಅಮೋಲನಿಗೂ ಕೇಳಿಸಿತ್ತು. ಪೆಟ್ರೋಲು ತನ್ನ ಹೊತ್ತಿಗೆ ಮೊದಲೇ ಸಿಡಿದು ಪಿಸ್ಟನ್ನಿಗೆ ಬಡಿಯುವ ಸದ್ದು ಅದು. ಕ್ಲಾಸಿನ ಎರಡನೆಯ ದಿನವೇ ಕೇಳಿಸಿದ್ದರು, ಅದೊಂದು ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು.

“ಏನಂತಾನೆ ಅವನು?” ಎಂದು ಮಯೂರ ಮರಾಠಿಯಲ್ಲಿ ಕೇಳಿದ.

“ಏನಿಲ್ಲ, ಮನೆ ಹತ್ತಿರ ಇಳಿಸಿ ಅಂತಾನೆ” ಎಂದ ಅಮೋಲ. ಹಿಂದೆ ತಿರುಗಿ ಮಾರೆಪ್ಪನಿಗೆ, “ತುಲಾ ಕಾಯ ಕಳತಂಯ? ಗಪ್ಪ ಬಸ” ಎಂದ. ನಿನಗೇನು ತಿಳಿಯುತ್ತೆ, ಸುಮ್ಮನೆ ಕೂತಿರು. ತಂದೆಯ ವಯಸ್ಸಿನವನಿಗೆ ಏಕವಚನ. ಮಾರೆಪ್ಪ ಹಿಂದಕ್ಕೊರಗಿದ.

ನಾಲ್ಕನೆಯ ದಿನ ಕಾರು ಕವಲಾಪುರದ ಹತ್ತಿರ ಹೊಗೆ ಕಾರಿ ನಿಂತಿತು. ಎಳೆದು ತಂದು ಬಿಚ್ಚಿದರೆ ಮೂರನೆಯ ಪಿಸ್ಟನ್ನಿನ ಅಂಚು ಒಡೆದಿತ್ತು. ಮಯೂರ ಕೆಂಪಗಾಗಿದ್ದ. ಮೆಕ್ಯಾನಿಕ್‌ಗಳೆಲ್ಲ ಸುತ್ತ ನಿಂತಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕ ಬಂಕಿನ ಚೀಟಿ ಹಿಡಿದು ಸಿದ್ಧೇಶ್ವರ ಕೇಳಿದ, “ಟ್ಯೂನ್ ಮಾಡಿದ ಗಾಡಿಗೆ ಸಾದಾ ಪೆಟ್ರೋಲ್ ಹಾಕಿದವರು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಾದರೂ ಒಂದು ಪ್ರಾಮಾಣಿಕತೆ. ಅಮೋಲ ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಸ್ವಚ್ಛ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ: “ಮಾರೆಪ್ಪ. ಒಳ್ಳೆಯದೇ ಹಾಕಿಸು ಅಂತ ನಾನು ಹೇಳಿದ್ದೆ. ಉಳಿದ ದುಡ್ಡು ಏನು ಮಾಡಿದನೋ.”

ಕೊನೆಯ ಮಾತು ಯಾಕೆ ಬಾಯಿಂದ ಬಂತೋ ಅವನಿಗೇ ಗೊತ್ತಿಲ್ಲ. ಸುಳ್ಳಿಗೆ ಒಂದು ಕೋಲು ಆನಿಸಿಕೊಡಬೇಕಿತ್ತು, ಕೈಗೆ ಸಿಕ್ಕಿದ್ದು ಅದು. ಮಾರೆಪ್ಪ ನೀರಿನ ಪೈಪು ಹಿಡಿದು ನಿಂತಿದ್ದ. ಅಮೋಲನ ಕಡೆ ನೋಡಿದ. ಅಮೋಲ ಲ್ಯಾಪ್‌ಟಾಪಿನ ಕಡೆ ನೋಡಿದ. ಮಾರೆಪ್ಪ ಮರಾಠಿಯಲ್ಲಿ “ಸಾಹೇಬ, ಮೀ... ಮೀ ನಾಹೀ...” ಎಂದು, ನಾನಲ್ಲ ಎನ್ನಲು ತಡವರಿಸಿದ. ಹತ್ತು ಮಾತಿನ ಬಂಡವಾಳ ಅಲ್ಲಿಗೇ ಮುಗಿಯಿತು; ಕನ್ನಡ ತಿಳಿಯುವವನು ಅಲ್ಲಿ ಅಮೋಲನೊಬ್ಬನೇ. ಒಬ್ಬ ಮೆಕ್ಯಾನಿಕ್ ಕಿಸಕ್ಕನೆ ನಕ್ಕ. ನಾಳೆಯಿಂದ ಬರಬೇಡ ಎಂದ ಸಿದ್ಧೇಶ್ವರ. ಮಾರೆಪ್ಪ ನಲ್ಲಿ ನಿಲ್ಲಿಸಿ, ಪೈಪು ಸುತ್ತಿಟ್ಟು, ಹೋದ.

ಅವತ್ತಿನಿಂದ ಅಮೋಲನಿಗೆ ಅನ್ನ ರುಚಿಸಲಿಲ್ಲ. ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗಲೂ ಗಲ್ಲ ನೋಡಿಕೊಂಡನೇ ಹೊರತು ಕಣ್ಣು ನೋಡಿಕೊಳ್ಳಲಿಲ್ಲ. ಭಾನುವಾರ ಮಾಯವ್ವ ಕೇಳಿದಳು, “ಮಾರೆಪ್ಪ ಈ ತಿಂಗಳ ಜ್ವಾಳಕ್ಕ ಬರಲೇ ಇಲ್ಲಲಾ?” ಮಾರೆಪ್ಪ ತಿಂಗಳಿಗೊಮ್ಮೆ ಲಿಂಗನೂರಿಗೆ ಬಂದು ಅವರ ಹೊಲದ ಜೋಳ ಒಯ್ಯುತ್ತಿದ್ದ.

“ಕೆಲಸಾ ಬಿಟ್ಟಾನ ಬೇ.”

“ಹೇಳದ ಕೇಳದ ಬಿಡೂ ಮನಶ್ಯಾ ಅಲ್ಲ ಅಂವಾ. ಮೈಯಾಗ ಆರಾಮ ಇಲ್ಲೇನೋ. ನೀನಽ ಒಯ್ದ ಕೊಟ್ಟ ಬಾ” ಎಂದು ಚೀಲ ಕಟ್ಟಿ ಬೈಕಿನ ಮೇಲಿಟ್ಟೇಬಿಟ್ಟಳು.

ಮಿರಜದ ಸ್ಟೇಶನ್ ಹಿಂದಿನ ಓಣಿಯಲ್ಲಿ ಮಾರೆಪ್ಪನ ಹೆಂಡತಿ ಅಂಜನಾಬಾಯಿ ಬಾಗಿಲಲ್ಲೇ ಎದುರಾದಳು. “ಬರ್ರಿ, ಕುಂದ್ರಿ” ಎಂದಳು, ಆದರೆ ಮುಖದಲ್ಲಿ ನಗುವಿರಲಿಲ್ಲ. ಒಳಗೆ ಮಗಳು ಮನಿಷಾ ನರ್ಸಿಂಗ್ ಪುಸ್ತಕ ಹಿಡಿದು ಕೂತಿದ್ದಳು. ಬಂದವನನ್ನು ನೋಡಿ ಪುಸ್ತಕ ಮುಚ್ಚಿ ಆಚೆ ಹೋದಳು. ಮಾರೆಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಅರಿಸಿನದ ಗೋದಾಮಿನಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ್ದ. ಉಗುರುಗಳೆಲ್ಲ ಹಳದಿ.

ಅಮೋಲ ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಫೈಲು ತನ್ನದಲ್ಲ ಎಂದ, ಓದದೆ ಹಾಕಿದೆ ಎಂದ, ಪೆಟ್ರೋಲ್ ತಾನೇ ಹೇಳಿ ತರಿಸಿದ್ದು ಎಂದ. “ತಪ್ಪಾತ್ರಿ ಕಾಕಾ. ಕಾಲ ಬೀಳತೇನಿ” ಎಂದ. ನಾಚಿಕೆಯಿಂದ ಕಿವಿ ಉರಿಯುತ್ತಿದ್ದರೂ, ಹೇಳಿಬಿಟ್ಟೆನಲ್ಲ ಎಂಬ ಸಣ್ಣ ಸಮಾಧಾನ ಆಗಲೇ ಒಳಗೆ ಇಣುಕಿತ್ತು.

ಮಾರೆಪ್ಪ ಉಗುರಿನ ಹಳದಿ ಒರೆಸಿಕೊಂಡ. ಆಮೇಲೆ ಅಂದ, “ಕಾಲ ಬಿಡ ತಮ್ಮಾ. ಒಂದ ಮಾತ ಕೇಳತೇನಿ. ನನ್ನ ಕಳ್ಳಾ ಅಂದದ್ದ ಯಾವ ಭಾಷಾದಾಗ?”

ಅಮೋಲ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ.

“ಮರಾಠಿಯೊಳಗ ಅಂದಿ. ಹತ್ತ ಮಂದಿ ಮುಂದ. ಮುಂಜಾಲೆ ಅಂದದ್ದ ಸಂಜಿಗೆ ಈ ಓಣಿಗೆ ಬಂತ. ನನ್ನ ಮಗಳಿಗೆ ಗೆಳತ್ಯಾರ ಕೇಳಿದ್ರ, ನಿಮ್ಮಪ್ಪ ಪೆಟ್ರೋಲ್ ರೊಕ್ಕಾ ಹೊಡದಾನಂತ ಹೌದೇನ ಅಂತ. ಈಗ ನೀ ಬಂದ ಕನ್ನಡದಾಗ, ನನ್ನೊಬ್ಬನ ಕಿವಿಯಾಗ, ತಪ್ಪಾತು ಅಂತಿ. ಇದು ಎಲ್ಲಿಗೆ ಮುಟ್ಟತೈತಿ ಹೇಳ?”

ಅಮೋಲನ ಒಳಗೆ ಇಣುಕಿದ್ದ ಸಮಾಧಾನ ಅಲ್ಲೇ ಸತ್ತಿತು. ಇಲ್ಲಿಯೂ ತಾನು ಅಗ್ಗದ ಬಂಕನ್ನೇ ಹುಡುಕಿಕೊಂಡು ಬಂದೆ ಎನ್ನಿಸಿತು. ಅಂಜನಾಬಾಯಿ ಚಹಾ ತಂದಿಟ್ಟಳು. ಅವನಿಗೆ ಲೋಟ ಎತ್ತಲಾಗಲಿಲ್ಲ.

ಸೋಮವಾರ ಬೆಳಗ್ಗೆ ಅವನು ಮಾರೆಪ್ಪನನ್ನೂ ಮನಿಷಾಳನ್ನೂ ಬೇಡಿಕೊಂಡು ಗ್ಯಾರೇಜಿಗೆ ಕರೆತಂದ. ಮಯೂರನಿಗೂ ಫೋನು ಮಾಡಿದ್ದ. ಎಲ್ಲರೂ ಸೇರಿದ ಮೇಲೆ, ಬಿಚ್ಚಿದ ಇಂಜಿನ್ನಿನ ಪಕ್ಕ ನಿಂತು ಮರಾಠಿಯಲ್ಲಿ ಹೇಳಿದ. ಮಾರೆಪ್ಪ ಒಂದು ಪೈಸೆ ಮುಟ್ಟಿಲ್ಲ, ನಾನು ಹೇಳಿದ್ದನ್ನೇ ತಂದ. ಫೈಲು ನಾನು ಬರೆದದ್ದಲ್ಲ, ನನಗೆ ಬರೆಯಲು ಬರುವುದಿಲ್ಲ. ಪುಣೆಯಲ್ಲಿ ಐದನೆಯ ದಿನದಿಂದ ನನಗೇನೂ ತಿಳಿಯಲಿಲ್ಲ. ಇಂಜಿನ್ ಬಡಿಯುತ್ತಿದೆ ಎಂದು ಮೊದಲ ದಿನವೇ ಮಾರೆಪ್ಪ ಹೇಳಿದ್ದ, ನಾನು ನಿಮಗೆ ಸುಳ್ಳು ಅರ್ಥ ಹೇಳಿದೆ. ಮಾತಿನ ನಡುವೆ ಎರಡು ಸಲ ದನಿ ಬಿದ್ದುಹೋಯಿತು. ಎರಡು ಸಲವೂ ಸಿದ್ಧೇಶ್ವರ “ಜೋರಾಗಿ ಹೇಳು” ಎಂದ.

ಮಯೂರ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಸಿದ್ಧೇಶ್ವರ ಬೈಯಲಿಲ್ಲ. ಮನಿಷಾಳ ಎದುರಿಗೇ ಮಾರೆಪ್ಪನಿಗೆ ಕೈಮುಗಿದು ಕೆಲಸಕ್ಕೆ ಬಾ ಎಂದ. ಅಮೋಲನಿಗೆ, “ಇಂಜಿನ್ ನಿನ್ನ ಕೈಯಿಂದಲೇ ಕಟ್ಟು. ಆಮೇಲೆ ನಮ್ಮ ಸಾಫ್ಟ್‌ವೇರಿನಲ್ಲೇ ಮಾಡು. ತಿಳಿಯದ್ದನ್ನು ದಿನಾ ಪುಣೆಗೆ ಫೋನ್ ಮಾಡಿ ಕೇಳು, ಸ್ಪೀಕರ್ ಹಾಕಿಕೊಂಡು” ಎಂದ. ಗೋಡೆಯ ಸರ್ಟಿಫಿಕೇಟನ್ನು ತೆಗೆದು ಕಪಾಟಿನಲ್ಲಿಟ್ಟ.

ತಿಂಗಳ ಮೇಲೆ ಇಂಜಿನ್ ಮತ್ತೆ ಕೂತಿತು. ದಿನಕ್ಕೆ ಮೂರು ಅಂಕಿ ತಿದ್ದುವುದು, ಓಡಿಸುವುದು, ಓದುವುದು, ಪುಣೆಗೆ ಕೇಳುವುದು. ಮೆಕ್ಯಾನಿಕ್‌ಗಳು ಕೇಳಿಸಿಕೊಂಡು ನಗುತ್ತಿದ್ದರು, ಅಮೋಲ ಮತ್ತೆ ಕೇಳುತ್ತಿದ್ದ. ಒಂಬತ್ತನೆಯ ದಿನ ಬಲ ಇನ್ನೂರ ಹದಿನೆಂಟಕ್ಕೆ ಬಂದಿತ್ತು. ಮಾರೆಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಯೂರನನ್ನು ಹಿಂದೆ ಕೂರಿಸಿ, ಅಮೋಲ ಪೆಡಲನ್ನು ಪೂರ್ತಿ ತುಳಿದ. ಗಾಡಿ ನುಣ್ಣಗೆ ಓಟ ಹಿಡಿಯಿತು. ಆಗ ಅವನು, ಹತ್ತು ವರ್ಷದಲ್ಲಿ ಮೊದಲ ಸಲ, ಗಿರಾಕಿಯ ಎದುರಿಗೆ ದನಿಯೆತ್ತಿ ಕನ್ನಡದಲ್ಲಿ ಕೇಳಿದ.

“ಕಾಕಾ, ಸಪ್ಪಳಾ ಏನರ ಕೇಳತೈತೇನ್ರಿ?”

ಮಾರೆಪ್ಪ ಕಿವಿಗೊಟ್ಟು ಕೇಳಿದ. ತನ್ನ ಕೆಲಸವನ್ನು ಅವನು ಎಂದೂ ಅರ್ಧಂಬರ್ಧ ಮಾಡಿದವನಲ್ಲ.

“ನಾಹೀ, ಸಾಹೇಬ” ಎಂದ ಮರಾಠಿಯಲ್ಲಿ. “ಆವಾಜ ನಾಹೀ.”

ತಮ್ಮಾ ಎನ್ನಲಿಲ್ಲ. ಸಿಟ್ಟಿನಿಂದಲೂ ಹೇಳಲಿಲ್ಲ. ಮಯೂರನಿಗೂ ಸಿದ್ಧೇಶ್ವರನಿಗೂ ಹೇಗೆ ಹೇಳುತ್ತಿದ್ದನೋ ಹಾಗೆಯೇ ಹೇಳಿದ. ಗ್ಯಾರೇಜಿಗೆ ಮರಳಿದ ಮೇಲೆ ಇಳಿದು, ಎಲ್ಲರಿಗೂ ಮಾಡುವಂತೆ ಅಮೋಲನ ಕಡೆಯ ಬಾಗಿಲು ತೆರೆದು ಹಿಡಿದು ನಿಂತ.