ಪಿಕಪ್ಪಿನ ಹಣೆಬರಹ

ಹಳೆಯ ಬೋಗುಣಿಯಲ್ಲಿ ಚಿಮಣಿ ಎಣ್ಣೆ ಸುರುವಿ, ಅದರಲ್ಲಿ ನಟ್ಟು ಬೋಲ್ಟು ನೆನೆಹಾಕಿ, ಸವೆದ ಹಲ್ಲಿನ ಬ್ರಶ್ಶಿನಿಂದ ಒಂದೊಂದನ್ನೇ ತಿಕ್ಕುತ್ತಿದ್ದೆ. ತಿಕ್ಕಿದ್ದನ್ನು ಗೋಣಿತಟ್ಟಿನ ಮೇಲೆ ಹರಡುತ್ತಿದ್ದೆ, ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ. ನನ್ನ ತಮ್ಮ ವಿಕ್ರಾಂತ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಅವನ ಎರಡು ಪಾದ ಮಾತ್ರ ಹೊರಗಿದ್ದವು. ಆಗಾಗ ಒಂದು ಕೈ ಹೊರಗೆ ಬಂದು ಅಂಗೈ ಬಿಚ್ಚುತ್ತಿತ್ತು. ನಾನು ಅದರಲ್ಲಿ ಒಂದು ಬೋಲ್ಟು ಇಡುತ್ತಿದ್ದೆ. ಯಾವುದು ಬೇಕೆಂದು ಅವನು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ನಮ್ಮ ಭಾನುವಾರಗಳು ಹೀಗೆಯೇ ಕಳೆಯುತ್ತಿದ್ದವು.

ಗಾಡಿ ಎಂದರೆ ಹಳೆಯ ಟಾಟಾ ೨೦೭ ಪಿಕಪ್. ವಿಕ್ರಾಂತ ಐಟಿಐ ಮುಗಿಸಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್ ಆಗಿ ಸೇರಿದ ಮರುವರ್ಷ, ಅಂದರೆ ೨೦೧೧ರಲ್ಲಿ, ಅಥಣಿ ಕಡೆಯ ದ್ರಾಕ್ಷಿ ತೋಟದವರೊಬ್ಬರ ಶೆಡ್ಡಿನ ಹಿಂದೆ ಅದು ನಿಂತಿದ್ದನ್ನು ನೋಡಿ ಬಂದಿದ್ದ. ಹಿಂದೆ ಸಾಮಾನು ಹೇರುವ ಜಾಗಕ್ಕೆ ನಮ್ಮಲ್ಲಿ ಹೌದಾ ಎನ್ನುತ್ತಾರೆ. ಆ ಹೌದಾದಲ್ಲಿ ಹುಲ್ಲು ಬೆಳೆದಿತ್ತು. ಗುಜರಿಗೆ ಹೋಗಬೇಕಾದ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಶಿರಗುಪ್ಪಿಯ ನಮ್ಮ ಮನೆಯ ಮುಂದೆ ಎಳೆದು ತಂದ. ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬಾಗಿಲು ತೆಗೆದರೆ ಒಳಗಿಂದ ಒಂದು ಕೋಳಿ ಹಾರಿ ಓಡಿತು.

ಪಕ್ಕದ ಮನೆಯ ಗೌರಾಬಾಯಿ ಕಟ್ಟೆಯ ಮೇಲಿಂದಲೇ ಕೂಗಿದರು. “ಏ ಸುಂದ್ರಾ, ನಿನ್ನ ಮಗಾ ಕೋಳಿಗೂಡ ತಂದಾನ ನೋಡ ಬಾ. ಗಾಲಿ ಹಚ್ಚಿದ ಕೋಳಿಗೂಡ!”

“ತತ್ತಿ ಹಾಕಿದ್ರ ನಿನಗೂ ಒಂದ ಕೊಡತೀನ ಹೋಗ,” ಎಂದಳು ನಮ್ಮವ್ವ. ಆದರೆ ಅವಳಿಗೂ ಇದು ಯಾಕೆಂದು ತಿಳಿದಿರಲಿಲ್ಲ. “ಬಾಡಿಗಿ ಹೊಡ್ಯಾಕೇನೋ? ಕಬ್ಬ ಹೇರಾಕೇನೋ?”

“ಯಾತಕ್ಕೂ ಅಲ್ಲವ್ವಾ. ಹೌಸಿಗಿ ತಂದೇನಿ,” ಎಂದ ವಿಕ್ರಾಂತ.

ಹೌಸಿಗೆ ಎಂದರೆ ಮನಸ್ಸಿನ ಖುಷಿಗೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಯಾವುದನ್ನೂ ಹೌಸಿಗೆ ತಂದವರಿರಲಿಲ್ಲ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅವ್ವ ಬೇರೆಯವರ ಕಬ್ಬಿನಲ್ಲಿ ಕಳೆ ತೆಗೆದು ನಮ್ಮಿಬ್ಬರನ್ನು ಬೆಳೆಸಿದ್ದಳು. ಏನು ತಂದರೂ ಹೊಟ್ಟೆಗೆ, ಇಲ್ಲವೇ ಮೈಗೆ.

ನಾನು ಶಾಲೆ ಬಿಟ್ಟದ್ದು ಏಳನೆಯ ಇಯತ್ತೆಯಲ್ಲಿ. ಓದು ಬರುತ್ತಿತ್ತು. ಎದ್ದು ನಿಂತು ಜೋರಾಗಿ ಓದು ಎಂದರೆ ಮಾತ್ರ ದನಿ ಹೊರಡುತ್ತಿರಲಿಲ್ಲ, ಮೊಣಕಾಲು ನಡುಗುತ್ತಿದ್ದವು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಮನೆಯಲ್ಲಿ ಕೆಲಸ ಬೇಕಾದಷ್ಟಿತ್ತು. ಬಂದವರೆದುರು ಮಾತಾಡದೆ ಕೆಲಸ ಮಾಡಿಕೊಂಡಿರುವ ಹುಡುಗಿ ಎಂದು ಊರವರೂ ನನ್ನನ್ನು ಹಾಗೆಯೇ ಬಿಟ್ಟುಬಿಟ್ಟರು. ಮಾತಾಡದವರಿಗೆ ನೋಡಲು ಸಮಯ ಬಹಳ ಸಿಗುತ್ತದೆ. ನಾನು ನೋಡುತ್ತಿದ್ದೆ.

ವಿಕ್ರಾಂತನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ “ಒಳಗ ಹೋಗ, ಇದ ಗಂಡಸರ ಕೆಲಸ” ಎನ್ನುತ್ತಿದ್ದರು. ವಿಕ್ರಾಂತ ಮೊದಲ ದಿನವೇ ಪಾನಾಗಳ, ಅಂದರೆ ಸ್ಪ್ಯಾನರುಗಳ, ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ, “ತಾಈ, ಹದಿನಾಕರದ್ದ ಕೊಡ,” ಎಂದ. ಅಷ್ಟೇ. ಅದಕ್ಕಾಗಿ ನಾನು ಅವನಿಗೆ ಎಷ್ಟು ಋಣಿಯೆಂದು ಅವನಿಗೆ ಗೊತ್ತಿಲ್ಲ.

ಅವನು ನನ್ನನ್ನು ತಾಈ ಎಂದು ಕರೆಯುವುದು ನಮ್ಮ ಅಜ್ಜಿಯಿಂದ ಬಂದದ್ದು. ಅಜ್ಜಿ ಗಡಿಯಾಚೆಯ ಮ್ಹೈಸಾಳದವಳು, ಮರಾಠಿ ಮಾತಾಡುವವಳು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಅಜ್ಜಿ ಹೋದ ಮೇಲೂ ಆ ಶಬ್ದ ವಿಕ್ರಾಂತನ ಬಾಯಲ್ಲಿ ಉಳಿಯಿತು. ಅವ್ವ, ಗೌರಾಬಾಯಿ, ಎಲ್ಲರೂ ನನ್ನನ್ನು ಕಾಂಚನಾ ಎಂದೇ ಕರೆಯುತ್ತಾರೆ.

ಮೊದಲ ವರ್ಷವೆಲ್ಲ ಎಂಜಿನ್ನಿಗೇ ಹೋಯಿತು. ಎರಡನೆಯ ವರ್ಷ ಹೌದಾದ ಕೊಳೆತ ಹಲಗೆ ಕಿತ್ತು ಜಾಲಿಯ ಹಲಗೆ ಕೂಡಿಸಿದೆವು. ಸೀಟಿಗೆ ಹಸಿರು ರೆಕ್ಸಿನ್ ತಂದುಕೊಟ್ಟ, ನಾನು ಹೊಲಿಗೆ ಯಂತ್ರದ ಮೂರು ಸೂಜಿ ಮುರಿದು ಹೊಲಿದೆ. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಸೀಜನ್ ಶುರುವಾದರೆ ವಿಕ್ರಾಂತನಿಗೆ ಶಿಫ್ಟಿನ ಮೇಲೆ ಶಿಫ್ಟು. ಆ ತಿಂಗಳುಗಳಲ್ಲಿ ಗಾಡಿ ನನ್ನ ಕೈಯಲ್ಲಿರುತ್ತಿತ್ತು. ಎರಡು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಸಪ್ಪಳ ಕೇಳುವುದು, ಡೀಸೆಲ್ ಫಿಲ್ಟರಿನ ತಳದ ನೀರು ಬಿಡುವುದು, ಕಮಾನು ಪಟ್ಟಿಗಳಿಗೆ ಗ್ರೀಸ್ ತುಂಬುವುದು, ಕಾರ್ಖಾನೆಯಿಂದ ಹಾರಿ ಬಂದು ಮುಂಜಾನೆ ಬಾನೆಟ್ಟಿನ ಮೇಲೆ ಕೂತಿರುವ ಕರಿ ಬೂದಿಯನ್ನು ಗೀರು ಬೀಳದ ಹಾಗೆ ನೀರು ಹೊಯ್ದು ತೆಗೆಯುವುದು.

“ಸುಂದ್ರಾ, ಮಗಳಿಗಿ ಅರಿಷಿಣ ಹಚ್ಚಬೇಕಾದ ವಯಸ್ಸಿನ್ಯಾಗ ಗ್ರೀಸ್ ಹಚ್ಚಿ ಕೂಡಿಸೀಯಲ್ಲ!” ಎಂದು ಗೌರಾಬಾಯಿ ನಗುತ್ತಿದ್ದರು. ನಗುತ್ತಲೇ ನನಗೆ ಕೈ ತೊಳೆಯಲು ಕಟ್ಟಿಗೆಯ ಬೂದಿ ತಂದುಕೊಡುತ್ತಿದ್ದರು.

ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ವಿಕ್ರಾಂತ ನನಗೆ ಗಾಡಿ ಹೊಡೆಯಲು ಕಲಿಸಿದ. ಮೊದಲ ದಿನ ಗಾಡಿ ಕಪ್ಪೆಯ ಹಾಗೆ ಜಿಗಿಯಿತು. ಅವನು ಬಯ್ಯಲಿಲ್ಲ. “ಕ್ಲಚ್ ಸಾವಕಾಶ ಬಿಡ ತಾಈ. ಮಲಗಿದ ಕೂಸಿನ ತಲಿ ಕೆಳಗಿಂದ ಕೈ ತಗೀತಾರಲ್ಲ, ಹಂಗ,” ಎಂದ. ಆಮೇಲೆ ಬಂತು. ಗಾಡಿಯ ಪಾಸಿಂಗಿಗೆ ಚಿಕ್ಕೋಡಿಯ ಆರ್‌ಟಿಓ ಕಚೇರಿಗೆ ಹೋದಾಗ ನನಗೂ ಲರ್ನಿಂಗ್ ಲೈಸನ್ಸ್ ಮಾಡಿಸಿದ.

ಅಲ್ಲಿಂದ ನನಗೆ ಒಂದೇ ಆಸೆ. ರಸ್ತೆಯ ಮೇಲೆ, ಮಂದಿ ನೋಡುವಂತೆ, ಈ ಗಾಡಿಯನ್ನು ನಾನು ಹೊಡೆಯಬೇಕು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ಅವ್ವ ನನ್ನ ಮುಖ ನೋಡಿಯೇ ತಿಳಿದಿದ್ದಳು. ಒಮ್ಮೆ ರೊಟ್ಟಿ ಬಡಿಯುತ್ತ ತಾನಾಗಿಯೇ ಅಂದಳು: “ಹೊಲದಾಗ ಹೊಡದಿ, ಸಾಕ. ರಸ್ತಾದ ಮ್ಯಾಲ ನಾಕ ಮಂದಿ ನೋಡಿದ್ರ ನೀ ನಡಗತಿ. ಗಾಡಿ ನಡಗಿದ್ರ ನಡೀತೈತಿ, ಹೊಡಿಯಾಕಿ ನಡಗಿದ್ರ ನಡಿಯಂಗಿಲ್ಲ.” ಅದರಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

೨೦೧೪ರ ಬೇಸಿಗೆಗೆ ಕೆಲಸವೆಲ್ಲ ಮುಗಿಯಿತು. ಗಾಡಿಗೆ ಎಳೆಯ ಜೋಳದ ಎಲೆಯ ಬಣ್ಣ. ಅದು ನಾನು ಆರಿಸಿದ್ದು. ಉಳಿದದ್ದು ಹಣೆಬರಹ ಒಂದೇ. ಗಾಜಿನ ಮೇಲ್ಗಡೆ, ಗಾಡಿಯ ಹಣೆಯ ಮೇಲೆ, ದೇವರದೋ ಮನೆಯವರದೋ ಹೆಸರು ಬರೆಸದೆ ನಮ್ಮಲ್ಲಿ ಯಾವ ಗಾಡಿಯೂ ಓಡುವುದಿಲ್ಲ. ಏನು ಬರೆಸುತ್ತೀ ಎಂದು ಕಣ್ಣಲ್ಲೇ ಕೇಳಿದರೆ ವಿಕ್ರಾಂತ ನಕ್ಕು, “ಬರದ ಮ್ಯಾಲ ನೋಡ,” ಎಂದು ಶಿಫ್ಟಿಗೆ ಹೊರಟುಹೋದ.

ಮಧ್ಯಾಹ್ನ ಕಾಗವಾಡದ ಪೇಂಟರ್ ಧನಪಾಲ ಮಾಮಾ ಡಬ್ಬಿ ಕುಂಚ ಹಿಡಿದು ಬಂದರು. ನಾನು ಬಾಗಿಲ ಹಿಂದೆ ನಿಂತು ನೋಡಿದೆ. ಮೊದಲು ಸುಣ್ಣದಲ್ಲಿ ಅದ್ದಿದ ದಾರ ಎಳೆದು ಗೆರೆ ಮೂಡಿಸಿದರು. ಆಮೇಲೆ ಹಳದಿ ಬಣ್ಣದಲ್ಲಿ ಒಂದೊಂದೇ ಅಕ್ಷರ. ಮುಗಿಸಿ ಕೆಳಗಿಳಿದು, “ತಂಗೀ, ಹೆಂಗ ಬಂದೈತಿ?” ಎಂದರು. ನಾನು ತಲೆಯಾಡಿಸಿದೆ. ಚಹಾ ಕೊಟ್ಟೆ. ಕುಡಿದು ಹೋದರು.

ಸಂಜೆ ಅವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸದೆಯೇ ನಿಂತು, “ಏನ ಬರದಾನ? ಓದ,” ಎಂದಳು. ಅವಳಿಗೆ ಅಕ್ಷರ ಬರುವುದಿಲ್ಲ.

“ತಾಯಿಯ ಆಶೀರ್ವಾದ,” ಎಂದು ಓದಿದೆ.

“ಇನ್ನೊಮ್ಮಿ ಓದ.”

ಓದಿದೆ. ಅವಳು ಹೊರೆ ಇಳಿಸಿದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಬಂಪರಿನ ಮೇಲೆ ಕಾಲಿಟ್ಟು ಹತ್ತಿ, ಒಂದು ಕೈಯಿಂದ ಕನ್ನಡಿಯ ಸರಳು ಹಿಡಿದು, ಇನ್ನೊಂದು ಕೈಯಿಂದ ಆ ಅಕ್ಷರಗಳನ್ನು ಮುಟ್ಟಿದಳು. ಬಣ್ಣ ಇನ್ನೂ ಆರಿರಲಿಲ್ಲ. ಬೆರಳಿಗೆ ಹಳದಿ ಹತ್ತಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಆ ಬೆರಳು ಬಿಟ್ಟು ಉಳಿದ ಬೆರಳುಗಳಿಂದಲೇ ಊಟ ಮಾಡಿದಳು. ಊಟ ಮುಗಿದ ಕೂಡಲೇ ಗೌರಾಬಾಯಿಯ ಮನೆಗೆ ಹೋದಳು, ಹೇಳಲಿಕ್ಕೆ.

ಆಗ ವಿಕ್ರಾಂತ ಶಿಫ್ಟು ಮುಗಿಸಿ ಬಂದ. ಮೋಟರ್ ಸೈಕಲ್ಲಿನ ಬೆಳಕು ಗಾಡಿಯ ಹಣೆಗೆ ಬಿತ್ತು. ಓದಿದವನೇ ಅಲ್ಲೇ ನಿಂತು ಫೋನ್ ಹಚ್ಚಿದ. ಆ ಫೋನಿನಲ್ಲಿ ಸ್ಪೀಕರ್ ಹಾಕದಿದ್ದರೆ ಏನೂ ಕೇಳಿಸುತ್ತಿರಲಿಲ್ಲ, ಹಾಗಾಗಿ ನನಗೂ ಕೇಳಿಸಿತು.

“ಧನಪಾಲ ಮಾಮಾ, ನಾ ನಿಮಗ ಏನ ಬರೀರಿ ಅಂದಿದ್ನಿ?”

“ತಾಈಚಾ ಆಶೀರ್ವಾದ ಅಂತ ಮರಾಠಿಯಾಗ ಅಂದಿ. ಕನ್ನಡದಾಗ ಇರ್ಲಿ ಅಂದಿ. ಕನ್ನಡದಾಗ ಬರದೀನಿ. ಯಾಕ, ಕಾಗುಣಿತ ತಪ್ಪೇನ?”

“ತಾಈ ಅಂದ್ರ ಅಕ್ಕ ಮಾಮಾ! ನಮ್ಮಕ್ಕ!”

ಆ ಕಡೆ ಧನಪಾಲ ಮಾಮಾ ಕೆಮ್ಮು ಬರುವ ತನಕ ನಕ್ಕರು. “ಅಯ್ಯ ಇವನ! ಬಾಯಾಗ ಅರ್ಧ ಮರಾಠಿ, ಅರ್ಧ ಕನ್ನಡ ಇಟಗೊಂಡ ಹೇಳಿದ್ರ ನಾ ಯಾವ ಅರ್ಧಾ ಬರೀಲಿ? ಮಂದಿ ಎಲ್ಲಾ ತಾಯಿ ಹೆಸರ ಬರಸ್ತಾರ, ಇಂವನೂ ಬರಸ್ತಾನ ಅಂದ್ಕೊಂಡ್ನಿ. ಇರ್ಲಿ ಬಿಡಪಾ, ನಾಳಿ ಬಂದ ಅಳಸಿ ಬ್ಯಾರೆ ಬರೀತೀನಿ.”

ವಿಕ್ರಾಂತ ಫೋನ್ ಇಟ್ಟು ನನ್ನ ಕಡೆ ತಿರುಗಿದ. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಊರವರೆಲ್ಲ ಓದುವ ಜಾಗದಲ್ಲಿ ನನ್ನನ್ನು ಬರೆಸಬೇಕೆಂದು ಒಬ್ಬರಿಗೆ ಅನ್ನಿಸಿತ್ತು. ಬರೆದದ್ದು ಬೇರೆಯಾದರೂ ಅನ್ನಿಸಿದ್ದು ಸುಳ್ಳಾಗಲಿಲ್ಲ. ಪಕ್ಕದ ಮನೆಯಿಂದ ಅವ್ವನ ದನಿ ಜೋರಾಗಿ ಕೇಳುತ್ತಿತ್ತು: “ನಾ ಏನ ಹೇಳಿಲ್ಲ ಬೇ, ತಾನ ಬರಸ್ಯಾನ! ಖರೇನ, ತಾನ!”

“ಅಳಸಬ್ಯಾಡ,” ಎಂದೆ.

“ತಾಈ, ಅದ ನಿನಗಂತ...”

“ಅವ್ವನ ಹೆಸರ ರೇಶನ್ ಕಾರ್ಡ ಬಿಟ್ಟ ಎಲ್ಲಿ ಬರದೈತಿ ಹೇಳ. ಅಕಿ ಬಂಪರ್ ಹತ್ತಿ ಮುಟ್ಟಿ ನೋಡ್ಯಾಳ. ಅಳಸಬ್ಯಾಡ ವಿಕ್ಯಾ.”

ಅಷ್ಟು ಉದ್ದದ ಮಾತು ನಾನು ಆಡಿದ್ದಕ್ಕೋ ಏನೋ, ಅವನು ಫೋನನ್ನು ಕಿಸೆಗೆ ಹಾಕಿ ನನ್ನ ಹತ್ತಿರ ಬಂದ. “ಹಂಗಾದ್ರ ನಿನಗೇನ?”

“ನನಗ ಗೊತ್ತಾತಲ್ಲ. ಸಾಕ.”

“ಸಾಕಾಗಂಗಿಲ್ಲ,” ಎಂದ. “ನಿನಗ ಏನ ಬೇಕಂತ ನನಗ ಗೊತ್ತೈತಿ. ನಾಳಿ ಅವ್ವನ್ನ ಕೊಕಟನೂರಿಗಿ ಕರಕೊಂಡ ಹೋಗೂದೈತಿ, ಎಲ್ಲವ್ವಗ ಕಾಯಿ ಒಡಿಸಾಕ. ಅಕಿ ಮುಂದ ನಾ ಹೇಳಿದ್ರ ಅದು ನನ್ನ ಮಾತ ಆಗತೈತಿ. ನೀನ ಕೇಳಬೇಕ. ನಾ ಒಂದ ಮಾತೂ ಆಡಂಗಿಲ್ಲ ನೋಡ.”

ಬೆಳಗ್ಗೆ ಅವ್ವ ಹೊಸ ಇರಕಲ್ ಸೀರೆ ಉಟ್ಟಳು. ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟಳು. ಕೀಲಿಯನ್ನು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿ, ಕೈಮುಗಿದು, ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಗೌರಾಬಾಯಿ ಬುತ್ತಿಯ ಗಂಟಿನೊಂದಿಗೆ ಆಗಲೇ ಹೌದಾದಲ್ಲಿ ಚಾಪೆ ಹಾಸಿ ಕುಳಿತಿದ್ದರು. ಎದುರಿನ ಮನೆಗಳವರೂ ಹೊರಗೆ ಬಂದು ನಿಂತು ಹೊಸ ಬಣ್ಣ ನೋಡುತ್ತಿದ್ದರು. ಅವ್ವ ಪ್ರತಿಯೊಬ್ಬರಿಗೂ ಹಣೆಯ ಕಡೆ ಬೆರಳು ಮಾಡಿ ತೋರಿಸುತ್ತಿದ್ದಳು. ಅವಳು ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ. ಅದನ್ನು ಕಂಡದ್ದೇ ಈ ಗಾಡಿಯಿಂದ ನನಗಾದ ದೊಡ್ಡ ಲಾಭ ಅನ್ನಿಸಿತು. ಕೇಳದಿದ್ದರೂ ನಡೆದೀತು ಎಂದೂ ಅನ್ನಿಸಿತು.

ಅಷ್ಟರಲ್ಲಿ ವಿಕ್ರಾಂತ ಬಂದ. ಡ್ರೈವರನ ಬಾಗಿಲು ತೆಗೆದು, ಹಾಗೆಯೇ ತೆರೆದು ಬಿಟ್ಟು, ಗಾಡಿಯನ್ನು ಸುತ್ತುಹಾಕಿ ಹೋಗಿ ಆ ಕಡೆಯಿಂದ ಹತ್ತಿ ನಡುವಿನ ಸೀಟಿನಲ್ಲಿ ಕುಳಿತ. ಕಿಟಕಿಯ ಕಡೆಯ ಜಾಗ ಅವ್ವನಿಗೆ ಬಿಟ್ಟಿದ್ದ.

“ನಡಕ ಯಾಕ ಕುಂತ್ಯೋ?” ಎಂದಳು ಅವ್ವ. ಅವನು ಗಾಜಿನಾಚೆ ಎಲ್ಲೋ ನೋಡುತ್ತ ಕುಳಿತಿದ್ದ.

“ಇವತ್ತ ಡ್ರಾಯವ್ಹರ್ ಯಾರಪಾ? ಗಾಡಿ ತಾನ ಹೋಗತೈತೇನ?” ಎಂದರು ಹಿಂದಿನಿಂದ ಗೌರಾಬಾಯಿ. ಎದುರಿನ ಕಟ್ಟೆಯ ಮೇಲೆ ಯಾರೋ ನಕ್ಕರು.

ನನ್ನ ಮೊಣಕಾಲು ನಡುಗುತ್ತಿದ್ದವು. ನಡುಗಲಿ ಎಂದು ಬಿಟ್ಟೆ. ಅವ್ವನ ಎದುರಿಗೆ ಹೋಗಿ ನಿಂತೆ. ದನಿ ಹೊರಟಿತು, ನಾನೆಣಿಸಿದ್ದಕ್ಕಿಂತ ಜೋರಾಗಿ.

“ಅವ್ವಾ, ಇವತ್ತ ಗಾಡಿ ನಾ ಹೊಡೀತೀನಿ.”

ಕಟ್ಟೆಯ ಮೇಲಿನ ನಗು ನಿಂತಿತು. ಗೌರಾಬಾಯಿ ಚಾಪೆಯಿಂದ ಅರ್ಧ ಎದ್ದರು. ಅವ್ವ ಒಮ್ಮೆ ತೆರೆದ ಬಾಗಿಲನ್ನು, ಒಮ್ಮೆ ವಿಕ್ರಾಂತನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ಮುಖವನ್ನಲ್ಲ, ಕಾಲುಗಳನ್ನು. ಮುಷ್ಟಿ ಬಿಚ್ಚಲಿಲ್ಲ.

ನಾನು ಅಂಗೈ ಬಿಚ್ಚಿ ಚಾಚಿದೆ. “ಕೀಲಿ ಕೊಡ ಅವ್ವಾ.”