ಹಾಸನಕ್ಕೆ ಎಂಟು ಟಿಕೇಟು

ಆಗೆಲ್ಲ ಹಳೇಕೋಟೆ ಕಡೆಯ ಕೇರಿಗಳಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಆಸ್ಪತ್ರೆಗೆ ಹೊರಡುತ್ತಿದ್ದವರು ಎಂಟು ಜನ. ಕಾಯಿಲೆಯವನೊಬ್ಬ, ಅವನ ಕೈ ಹಿಡಿಯುವವನೊಬ್ಬ, ಬುತ್ತಿ ಹೊರುವವಳೊಬ್ಬಳು. ಮಿಕ್ಕವರು ಯಾಕೆ ಎಂದು ಕೇಳಿದರೆ ಅವರಿಗೇ ಸಿಟ್ಟು ಬರುತ್ತಿತ್ತು. ಬಂಧುಗಳಲ್ಲವೇ!

ಅರವತ್ತನಾಲ್ಕನೇ ಇಸವಿಯಲ್ಲಿ ಸಣ್ಣಕ್ಕನ ಮಗ ಶಿವಯ್ಯನಿಗೆ ಬಿಡದೆ ಕೆಮ್ಮು ಹತ್ತಿದಾಗಲೂ ಹಾಗೇ ಆಯಿತು. ಸಣ್ಣಕ್ಕ ಒಂದು ಮೇಕೆ ಮರಿ ಮಾರಿದಳು. ಎಂಟು ಜನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು, ಬೆಳಗಿನ ತಂಪಿನಲ್ಲಿ ಮಣ್ಣುದಾರಿ ನಡೆದು ಹಾಸನದ ಬಸ್ಸು ಹಿಡಿದರು. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ಒತ್ತಾಗಿ ನಿಂತೇ ಹೋದರು. ಆದರೂ ಎಂಥ ಸಂಭ್ರಮ! ದಾರಿಯುದ್ದಕ್ಕೂ ಮಾತು, ನಗು. ಆಸ್ಪತ್ರೆಯ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಒಬ್ಬರ ರೊಟ್ಟಿ ಇನ್ನೊಬ್ಬರ ಕೈಯಲ್ಲಿ. ವಾಪಸು ಬರುವಾಗ ಹೆಣ್ಣುಮಕ್ಕಳಿಗೆ ಬಳೆ, ಮಕ್ಕಳಿಗೆ ಕಡ್ಲೆಪುರಿ. ಆ ಸುಖ ಈಗ ಕಾರಿನಲ್ಲಿ ಹೋದರೂ ಸಿಕ್ಕುವುದಿಲ್ಲ ಬಿಡಿ.

ಡಾಕ್ಟರು ಎಕ್ಸ್‌ರೇ ನೋಡಿ, "ಕ್ಷಯ. ಹೆದರಬೇಡಿ, ವಾಸಿಯಾಗುತ್ತೆ. ಆದರೆ ಒಂದು ವರ್ಷ ಮಾತ್ರೆ ತಪ್ಪಿಸಬಾರದು. ತಿಂಗಳು ತಿಂಗಳು ಬಂದು ತಗೊಂಡು ಹೋಗಿ, ದುಡ್ಡು ಕೊಡಬೇಕಾಗಿಲ್ಲ" ಎಂದರು.

ಎರಡನೇ ತಿಂಗಳು ಇನ್ನೊಂದು ಮರಿ ಮಾರಿದ್ದಾಯಿತು. ಮತ್ತೆ ಎಂಟು ಜನ. ಮೂರನೇ ತಿಂಗಳು ಕೊಟ್ಟಿಗೆಯಲ್ಲಿ ಮಾರಲು ಮರಿಯೇ ಇರಲಿಲ್ಲ. ಹೇಗೂ ಕೆಮ್ಮು ಕಮ್ಮಿಯಾಗಿತ್ತು, ಶಿವಯ್ಯ ಎರಡು ಮುದ್ದೆ ಉಣ್ಣುತ್ತಿದ್ದ. ಸಣ್ಣಕ್ಕ ಸುಮ್ಮನಾದಳು.

ಹದಿನೈದು ದಿನ ಕಳೆಯಿತು. ಹಳೇಕೋಟೆಯ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಪಾರ್ವತಮ್ಮ ಅದೇ ಕೇರಿಯವಳು. ಒಂದು ಸಂಜೆ ಬಂದವಳೇ ಗೂಡಿನಲ್ಲಿದ್ದ ಖಾಲಿ ಮಾತ್ರೆ ಪೊಟ್ಟಣ ನೋಡಿದಳು.

"ಇದೇನತ್ತೆ, ಮಾತ್ರೆ ಮುಗ್ದು ಎಷ್ಟ್ ದಿನ ಆಯ್ತು?"

"ಈಗ ಚೆನ್ನಾಗವ್ನೆ ಕಣೆ. ಕೆಮ್ಮೇ ಇಲ್ಲ."

"ಕೆಮ್ಮು ಅಡಗೈತೆ, ಕಾಯಿಲೆ ಓಗಿಲ್ಲ ಕಣತ್ತೆ. ಅರ್ಧಕ್ಕೆ ಬುಟ್ರೆ ಅದು ತಿರುಗ್ಕೊಂಡ್ ಬತ್ತದೆ. ಆಗ ಈ ಮಾತ್ರೆಗೂ ಬಗ್ಗಾಕಿಲ್ಲ. ಮಗ ಬೇಕೋ ಬ್ಯಾಡ್ವೋ?"

"ಬೇಕು ಕಣೆ. ಎಂಟು ಜನುಕ್ಕೆ ಬಸ್ ಚಾರ್ಜು ಎಲ್ಲಿಂದ ತರ್ಲಿ?"

"ಎಂಟು ಜನ ಯಾಕೆ? ನೀನೂ ಅವ್ನೂ ಓಗಿ. ಆ ಎಲ್ಡು ಮರಿ ದುಡ್ಡಲ್ಲಿ ಇಬ್ರು ಎಂಟು ಸಲ ಓಗ್ಬೋದಿತ್ತಲ್ಲ!"

ಸಣ್ಣಕ್ಕ ಖಾಲಿ ಪೊಟ್ಟಣವನ್ನು ಮಡಚಿ ಗೂಡಿನಲ್ಲಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ನಿಮ್ಮಾವ ಒಬ್ನೇ ಅರಕಲಗೂಡಿಗೆ ಓದವ್ನು ಬಸ್ಸಲ್ಲಿ ಸೀಟ್ ಮ್ಯಾಲೆ ಕುಂತಿದ್ದ. ಯಾವ ಕೇರಿಯೋನ್ಲಾ ನೀನು ಅಂತ ಕೇಳಿ, ಕತ್ತಿಡ್ದು ನಡುದಾರೀಲಿ ಇಳಿಸ್ಬುಟ್ರು. ಬದುಕಿರಾಗಂಟ ಅವ್ನು ತಿರುಗ ಬಸ್ ಅತ್ನಿಲ್ಲ. ಎಂಟು ಜನ ಇದ್ರೆ ಯಾರೂ ಮೈ ಮುಟ್ಟಾಕಿಲ್ಲ ಕಣೆ, ಅದ್ಕೇ."

ಬಂಧುಗಳು ಅಷ್ಟು ಜನ ಯಾಕೆ ಹೊರಡುತ್ತಿದ್ದರೆಂದು ಈಗ ತಿಳಿಯಿತಲ್ಲ. ಪಾರ್ವತಮ್ಮನಿಗೂ ಕಣ್ಣು ತುಂಬಿ ಬಂತು.

"ಅದು ಆಗ, ಅತ್ತೆ. ಈಗ ಅಂಗೆ ಮಾಡಿದ್ರೆ ಜೈಲು. ಕಾನೂನು ಬಂದು ಒಂಬತ್ತು ವರ್ಸ ಆಯ್ತು."

"ಕಾನೂನು ಕಾಗದ್ದಲ್ಲಿ ಬಂತು. ಬಸ್ಸಿಗೆ ಬಂದೈತಾ?"

"ನಾವು ಕುಂತ್ರೆ ಬತ್ತದೆ. ನಾನು ತಿಂಗ್ಳು ತಿಂಗ್ಳು ಆಸ್ಪತ್ರೆ ಔಷ್ದಿ ತರಾಕೆ ಬಸ್ಸಲ್ಲಿ ಓಯ್ತೀನಿ, ಕುಂತ್ಕೊಂಡೇ ಓಯ್ತೀನಿ. ಯಾರಾದ್ರೂ ಎದ್ದೇಳು ಅಂದ್ರೆ ಕಂಡಕ್ಟ್ರಿಗೆ ಹೇಳು, ಅವ್ನೂ ಕೇಳ್ದಿದ್ರೆ ಪೋಲೀಸಿಗೆ ಹೇಳು. ಶಿವಯ್ಯ ಕಿಟಕಿ ಪಕ್ಕ ಕುಂತ್ಕೊಂಡು, ಕೆಮ್ಮು ಬಂದ್ರೆ ಬಾಯಿಗೆ ವಸ್ತ್ರ ಅಡ್ಡ ಹಿಡ್ಕೊಳ್ಳಿ. ಬೆಳಗ್ಗೇನೇ ಹೊರ್ಡಿ."

ಅಮ್ಮ ಮಗ ಇಬ್ಬರೇ ಹೊರಟರು. ಕೇರಿಯವರೆಲ್ಲ ಬಸ್ಸಿನ ತನಕ ಬಂದು ಬುತ್ತಿ ಕೊಟ್ಟು ಕಳಿಸಿದರು. ಆ ಎಂಟು ಜನರಲ್ಲಿ ಒಬ್ಬನಾಗಿದ್ದ ಕೆಂಚಯ್ಯನಂತೂ ಬಸ್ಸು ತಿರುವು ದಾಟುವವರೆಗೆ ನಿಂತು ಕೈ ಬೀಸುತ್ತಲೇ ಇದ್ದ.

ಒಳಗೆ ಮುಂದುಗಡೆ ಎರಡೇ ಸೀಟು ಖಾಲಿ. ಪಕ್ಕದಲ್ಲಿದ್ದ ಪೇಟದ ಯಜಮಾನರು ಇವರನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಚೀಲ ಎತ್ತಿ ಖಾಲಿ ಜಾಗದಲ್ಲಿಟ್ಟರು. "ಇಲ್ಲಿ ಜನ ಬತ್ತಾರೆ."

ಸಣ್ಣಕ್ಕ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದಿಟ್ಟಳು. ಹಿಂದೆ ತಿರುಗಿ ನೋಡಿದರೆ ತನ್ನವರು ಯಾರೂ ಇಲ್ಲ. ಶಿವಯ್ಯನಿಗೆ ಕೆಮ್ಮು ಒತ್ತರಿಸಿ ಬಂತು, ಅವನು ವಸ್ತ್ರ ಬಾಯಿಗೆ ಹಿಡಿದು ಹಾಗೇ ನೆಲಕ್ಕೆ ಕುಕ್ಕರಿಸಲು ಹೊರಟ. ಸಣ್ಣಕ್ಕ ಮಗನ ರಟ್ಟೆ ಹಿಡಿದು ನಿಲ್ಲಿಸಿದಳು. ಹತ್ತುವಾಗಲೇ ಕೊಂಡಿದ್ದ ಟಿಕೇಟುಗಳನ್ನು ಕಂಡಕ್ಟರನ ಕಡೆ ಚಾಚಿದಳು.

"ಸಾ, ಈ ಎಲ್ಡು ಟಿಕೇಟಿನ ಸೀಟು ಎಲ್ಲೈತೆ?"

ಕಂಡಕ್ಟರು ಬಂದ, ನೋಡಿದ, ಚೀಲ ಎತ್ತಿ ಯಜಮಾನರ ತೊಡೆಯ ಮೇಲಿಟ್ಟ.

"ಚೀಲಕ್ಕೆ ಟಿಕೇಟ್ ತಕಂಡಿದ್ದೀರಾ ಯಜಮಾನ್ರೇ? ಇಲ್ವಲ್ಲ. ಕುಂತ್ಕಳಮ್ಮ ನೀನು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಯಜಮಾನರು ಮುಖ ಆ ಕಡೆ ತಿರುಗಿಸಿಕೊಂಡರು. ಸಣ್ಣಕ್ಕ ಮಗನನ್ನು ಕಿಟಕಿ ಪಕ್ಕ ಕೂರಿಸಿ, ತಾನೂ ಕೂತಳು. ಐವತ್ತು ದಾಟಿದ ಹೆಂಗಸು, ಬಸ್ಸಿನ ಸೀಟು ಮೆತ್ತಗಿರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಅವತ್ತೇ.

ಡಾಕ್ಟರು ಚೆನ್ನಾಗಿ ಬೈದು ಮತ್ತೆ ಮಾತ್ರೆ ಕೊಟ್ಟರು. ಆಮೇಲೆ ಒಂದು ತಿಂಗಳೂ ತಪ್ಪಲಿಲ್ಲ. ಕೂಲಿಯಲ್ಲಿ ಎರಡು ಟಿಕೇಟಿನ ದುಡ್ಡು ಮೊದಲೇ ಮಡಕೆಯಲ್ಲಿಟ್ಟು, ಉಳಿದದ್ದರಲ್ಲಿ ಮನೆ ನಡೆಸಿದಳು. ಕೊನೆಗೊಂದು ದಿನ ಡಾಕ್ಟರು ಹೊಸ ಎಕ್ಸ್‌ರೇ ನೋಡಿ ನಕ್ಕರು. "ಎದೆ ಗುಣವಾಗಿದೆ. ಇನ್ನು ಬರಬೇಕಾಗಿಲ್ಲ."

ವಾಪಸು ಬರುವಾಗ ಶಿವಯ್ಯ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ. ಕೆಮ್ಮಿಲ್ಲದ ನಿದ್ದೆ. ಸಣ್ಣಕ್ಕ ದಾರಿಯುದ್ದಕ್ಕೂ ಅವನ ಉಸಿರನ್ನೇ ಕೇಳುತ್ತಾ ಕೂತಳು, ಯಾರು ನೋಡಿದರೂ ನೋಡಲಿ ಎಂದು ಧಾರಾಳವಾಗಿ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿ ಕೆಮ್ಮಿದೆಯೇ? ನಾಳೆಯೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಗೂ ಮಾತ್ರೆಗೂ ಕಾಸಿಲ್ಲ. ಜೊತೆಗೆ ಒಬ್ಬರು ಸಾಕು, ಉಳಿದವರ ಬಸ್ ಚಾರ್ಜು ಮುಂದಿನ ಸಲಕ್ಕಿರಲಿ. ಟಿಕೇಟು ಕೊಂಡ ಮೇಲೆ ಯಾರಿಗೂ ಅಂಜದೆ ಕೂತು ಹೋಗಿ. ಮಾತ್ರೆ ನಿಲ್ಲಿಸು ಎಂದು ಡಾಕ್ಟರು ಹೇಳಬೇಕು, ಖಾಲಿ ಜೇಬು ಹೇಳಬಾರದು.