ಉಂಗುರ ಕಾಯುವ ಕಾಲ್ಚೀಲ

ನಮ್ಮ ವಾದ್ಯವೃಂದದಲ್ಲಿ ನನ್ನ ಕೆಲಸ ಟ್ರಯಾಂಗಲ್ ಬಾರಿಸುವುದು. ಮೂರು ಮೂಲೆಗೆ ಬಗ್ಗಿಸಿದ ಒಂದು ಉಕ್ಕಿನ ಸರಳು, ಅದನ್ನು ನೇತುಹಾಕುವ ದಾರ, ಬಾರಿಸಲು ಗೇಣುದ್ದದ ಒಂದು ಕಡ್ಡಿ. ಇಷ್ಟೇ ನನ್ನ ಸಂಪತ್ತು. ಇಡೀ ಸಂಜೆಗೆ ನನ್ನ ಪಾಲಿಗೆ ಬರುವುದು ಮೂರು ಏಟು, ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು. ಹಗಲೆಲ್ಲ ಲಾಂಡ್ರಿಯಲ್ಲಿ ನಿಂತು, ಮನೆಗೆ ಬಂದು ಒಲೆಯ ಮುಂದೆ ನಿಂತು, ಮಗಳ ಒಂದು ಶೂ ಹುಡುಕುತ್ತ ಮಂಚದ ಕೆಳಗೆ ತೆವಳುವವಳನ್ನು, ಯಾರೂ ‘ಅಮ್ಮಾ’ ಎನ್ನದ ಜಾಗದಲ್ಲಿ ಕುರ್ಚಿ ಕೊಟ್ಟು ಕೂರಿಸುತ್ತಾರೆಂದರೆ ಟ್ರಯಾಂಗಲ್ ಏನು, ಹಳೇ ತಗಡು ಕೊಟ್ಟರೂ ಬಾರಿಸುತ್ತೇನೆ.

ಆದರೆ ಕೈ ಖಾಲಿ ಇದ್ದವರ ತಲೆಗೇ ಊರ ಉಸಾಬರಿಯೆಲ್ಲ ಬಂದು ಕೂರುತ್ತದೆ. ಹಾಗೆ ಕಾಲ್ಚೀಲದ ಜವಾಬ್ದಾರಿ ನನಗೆ ಬಂತು.

ನಮ್ಮ ಮೇಷ್ಟ್ರು ಪಿಯಾನೋ ಶ್ರುತಿ ಮಾಡಿ ಬದುಕುವವರು. ಯಾರೋ ಪುಣ್ಯಾತ್ಮರ ಗಡಿಯಾರದ ಕೊಂಡಿ ಒಂದು ಹಳೆಯ ಪಿಟೀಲಿನ ಬೆನ್ನ ಮೇಲೆ ಉದ್ದಕ್ಕೂ ಗೆರೆ ಎಳೆದದ್ದನ್ನು ಕಣ್ಣಾರೆ ಕಂಡ ಮೇಲೆ, ನುಡಿಸುವವರ ಕೈಯಲ್ಲಿ ಒಂದು ಚೂರು ಲೋಹ ಕಂಡರೂ ಅವರಿಗೆ ಮೈ ಉರಿಯುತ್ತದೆ.

“ವಾದ್ಯಕ್ಕೂ ಚರ್ಮ ಇರುತ್ತೆ. ಕೈಲಿ ತುರಿಯೋ ಮಣೆ ಹಿಡ್ಕೊಂಡು ಮಗು ಎತ್ಕೋತೀರಾ ನೀವು?” ಎಂದು ಕೇಳುತ್ತಾರೆ. ಪಿಯಾನೋಗೆ ಕೂರುವ ಔಷಧಿ ಅಂಗಡಿಯಮ್ಮ ಮೊದಲ ದಿನ ಬೆರಳ ತುಂಬ ಉಂಗುರ ಹಾಕಿಕೊಂಡು ನುಡಿಸಿದ್ದಕ್ಕೆ, ಕಣ್ಣು ಮುಚ್ಚಿ ಕೊನೆತನಕ ಕೇಳಿ, “ಟೈಪಿಂಗ್ ಚೆನ್ನಾಗಿದೆ. ಸಂಗೀತ ಯಾವಾಗ ಶುರು?” ಎಂದಿದ್ದರು.

ಹೀಗಾಗಿ ಕೂರುವ ಮೊದಲು ಉಂಗುರ, ಬಳೆ, ಗಡಿಯಾರ ಎಲ್ಲ ಬಿಚ್ಚಿಡಬೇಕು. ಮೇಷ್ಟ್ರು ತಮ್ಮ ಗಡಿಯಾರವನ್ನೇ ಮೊದಲು ಬಿಚ್ಚುತ್ತಾರೆ. ಮೊದಮೊದಲು ಒಂದು ಸ್ಟೀಲ್ ಬೋಗುಣಿ ಇಟ್ಟಿದ್ದರು. ಯಾರಾದರೂ ಕುರ್ಚಿ ಸರಿಸಿದರೆ ಸಾಕು, ಬೋಗುಣಿಯೂ ತನ್ನದೊಂದು ರಾಗ ತೆಗೆಯುತ್ತಿತ್ತು. ಆಗ ನಾನು ಮನೆಯಿಂದ ನಮ್ಮ ಯಜಮಾನರ ದಪ್ಪ ಉಣ್ಣೆಯ ಕಾಲ್ಚೀಲ ತಂದುಕೊಟ್ಟೆ. ಅದರೊಳಗೆ ಏನು ಹಾಕಿದರೂ ಪಿಟಿಕ್ ಎನ್ನುವುದಿಲ್ಲ. ಬೂದು ಬಣ್ಣ, ತುದಿಗೆ ಕೆಂಪು.

ಅದು ಒಂದೇ ಇತ್ತು. ಜೋಡಿಯದು ಕೆಳಗಿನ ಮನೆಯ ಬೇಕರಿಯಣ್ಣನ ಬಳಿ ಇತ್ತು.

ಬೇಕರಿಯಣ್ಣ ನಮ್ಮ ವೃಂದದಲ್ಲೇ ಟ್ಯೂಬಾ ಊದುತ್ತಾರೆ. ಟ್ಯೂಬಾ ಎಂದರೆ ಮಡಿಲಲ್ಲಿ ಕೂರಿಸಿಕೊಳ್ಳುವಂಥ ಹಿತ್ತಾಳೆಯ ಭಾರಿ ಕಹಳೆ. ಬಾಯಿ ಆಕಾಶ ನೋಡುತ್ತಿರುತ್ತದೆ. ಅವರು ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ನಮ್ಮ ನೆಲ ನಡುಗಿ, ಮಲಗಿದ ಮಗಳು ಎದ್ದು ಅಳುತ್ತಿದ್ದಳು. ಜಗಳ ಆಡಲು ಮನಸ್ಸಾಗದೆ ನಮ್ಮವರು ಒಂದು ಕಾಲ್ಚೀಲಕ್ಕೆ ಚಿಂದಿಬಟ್ಟೆ ತುಂಬಿ ಕೆಳಗೆ ಒಯ್ದು, “ಅಣ್ಣಾ, ಇದನ್ನ ಅದರ ಬಾಯಿಗೆ ತುರುಕಿ ಊದಿ, ಹೊಟ್ಟೆ ತಣ್ಣಗಿರ್ಲಿ” ಎಂದು ಕೊಟ್ಟು ಬಂದರು. ಅಂದಿನಿಂದ ಅದೊಂದು ಅಭ್ಯಾಸವೇ ಆಗಿಹೋಯಿತು. ಮೆಟ್ಟಿಲಿಳಿಯುವಾಗ ಬೇಕರಿಯಣ್ಣನ ಬಾಗಿಲು ತೆರೆದಿದ್ದು, ಕಾಲ್ಚೀಲ ಹೊರಗೆ ಬಿದ್ದದ್ದು ಕಂಡರೆ ನಮ್ಮವರು ಒಳಗೆ ಹೋಗಿ, ಎತ್ತಿ, ಟ್ಯೂಬಾದ ಬಾಯಿಗೆ ತುರುಕಿ, ಕೈ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಇನ್ನು ನನ್ನ ತಂಗಿಯ ವಿಷಯ. ಅವಳು ಮುಂದಿನ ಸಾಲಿನಲ್ಲಿ ಪಿಟೀಲು ನುಡಿಸುತ್ತಾಳೆ. ಮದುವೆ ಗೊತ್ತಾದಾಗ ಅವಳ ಭಾವೀ ಅತ್ತೆ, ಹಲ್ಲಿನ ಡಾಕ್ಟರಮ್ಮ, ತಮ್ಮ ಮನೆತನದ ಉಂಗುರವನ್ನು ಇವಳ ಬೆರಳಿಗೆ ಹಾಕಿ, “ಇದು ನಮ್ಮನೇಲಿ ಯಾರ ಬೆರಳೂ ಬಿಟ್ಟು ಇಳಿದಿದ್ದಿಲ್ಲ. ನೀನೂ ಇಳಿಸ್ಬೇಡಮ್ಮ” ಎಂದಿದ್ದರು. ಇವಳು ಕತ್ತು ಮುರಿಯುವಷ್ಟು ತಲೆಯಾಡಿಸಿ ಒಪ್ಪಿಕೊಂಡಿದ್ದಳು. ಅತ್ತೆಗೆ ಕೊಟ್ಟ ಮಾತು ಒಂದು ಕಡೆ, ಮೇಷ್ಟ್ರ ಕಾಲ್ಚೀಲ ಇನ್ನೊಂದು ಕಡೆ. ಒಂದು ಸಲ ಉಂಗುರದ ಮೇಲೆ ಗಾಯದ ಪಟ್ಟಿ ಸುತ್ತಿಕೊಂಡು ಬಂದಳು.

“ಏನಮ್ಮ ಅದು?”

“ಗಾಯ ಸರ್.”

“ಗಾಯ ಯಾಕೆ ಹೊಳೀತಿದೆ?”

ಬಿಚ್ಚಿ ಕೊಟ್ಟಳು.

ಕಛೇರಿಯ ದಿನ ಡಾಕ್ಟರಮ್ಮ ಬರುವವರಿದ್ದರು. ಮುಗಿದ ಮೇಲೆ ವೇದಿಕೆಗೆ ಬಂದು ಸೊಸೆಯಾಗುವವಳಿಗೆ ಹೂ ಕೊಡುತ್ತಾರೆಂದು ಮದುವೆಯ ಹುಡುಗ ಮೊದಲೇ ಹೇಳಿದ್ದ. ಅಂದು ಗ್ರೀನ್‌ರೂಮಿನಲ್ಲಿ ತಂಗಿ ಉಂಗುರ ತೆಗೆದು ಕಾಲ್ಚೀಲಕ್ಕೆ ಹಾಕುತ್ತ ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ನಿನ್ನ ಕೊನೇ ಏಟು ಬಿದ್ದ ತಕ್ಷಣ ಇದು ನನ್ನ ಬೆರಳಲ್ಲಿರ್ಬೇಕು. ಅವರು ಮೆಟ್ಟಿಲು ಹತ್ತೋದ್ರೊಳಗೆ.”

“ಆಯ್ತು ಬಿಡೇ.”

“ನೀನು ಆಯ್ತು ಬಿಡೇ ಅಂದ್ರೇನೇ ನಂಗೆ ಎದೆ ಡವಡವ ಅನ್ನುತ್ತೆ. ಬೆರಳು ಖಾಲಿ ಇರೋದು ಅವರು ನೋಡಿದ್ರೆ ನಾನು ಏನು ಅಂತ ಹೇಳ್ಲಿ? ಮದುವೆಗೆ ಮುಂಚೇನೇ ಮಾತಿಗೆ ತಪ್ಪಿದವಳು ಅನ್ನಿಸ್ಕೊಳ್ಳಲಾ?”

“ನನ್ನ ಪ್ರಾಣ ಹೋದ್ರೂ ಕಾಲ್ಚೀಲ ಬಿಡಲ್ಲ ಕಣೇ” ಎಂದೆ.

ಎಲ್ಲರದನ್ನೂ ತುಂಬಿಕೊಂಡು ವೇದಿಕೆಗೆ ಹೋಗಿ, ಬೇಕರಿಯಣ್ಣನ ಪಕ್ಕದ ನನ್ನ ಕುರ್ಚಿಯಲ್ಲಿ ಕೂತು, ಇನ್ನೇನು ಕಾಲ್ಚೀಲದ ಬಾಯಿಗೆ ಗಂಟು ಹಾಕಬೇಕು, ಪರದೆಯ ಸಂದಿನಿಂದ ಮಗಳ ಮುಖ ತೂರಿತು.

“ಅಮ್ಮಾ, ಅರ್ಜೆಂಟು.”

“ಅಪ್ಪನ ಹತ್ರ ಹೇಳು.”

“ಅಪ್ಪ ನಿನ್ನ ಹತ್ರ ಹೇಳು ಅಂದ್ರು.”

ಪ್ರಾಣ ಹೋದರೂ ಬಿಡುವುದಿಲ್ಲ ಎಂದಿದ್ದೆ ನಿಜ. ಮಗಳ ಅರ್ಜೆಂಟಿನ ಬಗ್ಗೆ ಏನೂ ಹೇಳಿರಲಿಲ್ಲ. ಕಾಲ್ಚೀಲವನ್ನು ಕುರ್ಚಿಯ ಮೇಲಿಟ್ಟು ಅವಳನ್ನು ಎತ್ತಿಕೊಂಡು ಓಡಿದೆ. ವಾಪಸ್ಸು ಬರುವಷ್ಟರಲ್ಲಿ ಪರದೆ ಏಳುವುದರಲ್ಲಿತ್ತು, ಎಲ್ಲರೂ ಕೂತಾಗಿತ್ತು. ಮಗಳನ್ನು ಅವಳಪ್ಪನ ಕಡೆ ದಬ್ಬಿ ಬಂದು ಕೂತೆ. ಕಾಲ್ಚೀಲ ಕೆಳಗೆ ಬಿದ್ದಿರಬಹುದೆಂದು ಬಗ್ಗಿ ನೋಡಿದೆ. ಕುರ್ಚಿಯ ಕೆಳಗೆ ನೆಲವೊಂದೇ ಇತ್ತು.

ಮುಖ್ಯ ಅತಿಥಿಗಳು ಸಂಗೀತಕ್ಕೂ ತಮಗೂ ಸಂಬಂಧವಿಲ್ಲ ಎನ್ನುವುದನ್ನು ಬಹಳ ಹೊತ್ತು ವಿವರಿಸಿದರು. ಆಮೇಲೆ ಮೊದಲ ಕೃತಿ ಶುರುವಾಯಿತು. ನನ್ನ ಏಟು ಕೊಟ್ಟೆ. ಪಕ್ಕದಲ್ಲಿ ಟ್ಯೂಬಾ ಮಾತ್ರ ಹಾಸಿಗೆಯ ಅಡಿ ಸಿಕ್ಕಿಕೊಂಡ ಮನುಷ್ಯನಂತೆ ಮುಲುಗುತ್ತಿತ್ತು.

ಚಪ್ಪಾಳೆಯ ನಡುವೆ ಬೇಕರಿಯಣ್ಣ ನನ್ನ ಕಡೆ ವಾಲಿ, “ಚಳಿಗೆ ಉಬ್ಬಿಲ್ಲ ಇವತ್ತು” ಎಂದರು. ಅವರಿಗೆ ಲೋಕವೆಲ್ಲ ಹಿಟ್ಟೇ.

ನಾನು ಸಭೆಯ ಕಡೆ ನೋಡಿದೆ. ಮುಂದಿನ ಸಾಲಿನಲ್ಲಿ ನಮ್ಮವರು, ಅವರ ತೊಡೆಯ ಮೇಲೆ ಮಗಳು. ಪಕ್ಕದಲ್ಲೇ ಹೂಗುಚ್ಛ ಹಿಡಿದ ಡಾಕ್ಟರಮ್ಮ. ನಮ್ಮವರ ಕಣ್ಣಿಗೆ ಕಣ್ಣು ಸೇರಿಸಿ ನನ್ನ ಕಾಲನ್ನು ತೋರಿಸಿದೆ. ಅವರು ತಮ್ಮ ಕಾಲು ನೋಡಿಕೊಂಡರು. ಪ್ಯಾಂಟು ಎತ್ತಿ, ಇವತ್ತು ಎರಡೂ ಒಂದೇ ಬಣ್ಣದವು ಎಂದು ಹೆಮ್ಮೆಯಿಂದ ತೋರಿಸಿದರು. ಡಾಕ್ಟರಮ್ಮನೂ ಬಗ್ಗಿ ನೋಡಿದರು. ನಾನು ಮಣಿಕಟ್ಟು ಮುಟ್ಟಿ ತೋರಿಸಿದೆ. ಅವರು ಗಡಿಯಾರ ನೋಡಿ ಏಳೂವರೆಗೆ ಹತ್ತಿರ ಎಂದು ಬೆರಳಲ್ಲಿ ಸನ್ನೆ ಮಾಡಿದರು. ಕೊನೆಗೆ ನಾನು ಗಾಳಿಯಲ್ಲಿ ಒಂದು ಕಾಲ್ಚೀಲ ಎತ್ತಿ, ಅದಕ್ಕೆ ಏನೇನೋ ತುಂಬಿ, ಗಂಟು ಕಟ್ಟಿ, ಅದು ಮಾಯವಾದಂತೆ ಎರಡೂ ಕೈ ಚೆಲ್ಲಿದೆ. ಆಗ ಅವರ ಮುಖ ಬೆಳಗಿತು. ಟ್ಯೂಬಾದ ಕಡೆ ಬೆರಳು ತೋರಿಸಿ, ತುರುಕುವಂತೆ ಕೈಯಾಡಿಸಿ, ಹೆಬ್ಬೆರಳು ಎತ್ತಿದರು. ನಾನು ಓಡಿದ ಹೊತ್ತಿಗೆ ಮಗಳನ್ನೂ ನನ್ನನ್ನೂ ಹುಡುಕಿಕೊಂಡು ವೇದಿಕೆಗೆ ಬಂದ ನಮ್ಮವರ ಕಣ್ಣಿಗೆ ಟ್ಯೂಬಾ ಪಕ್ಕದಲ್ಲಿ ತಮ್ಮದೇ ಹಳೆಯ ಕಾಲ್ಚೀಲ ಬಿದ್ದಿತ್ತು. ಕೈ ತನ್ನ ಕೆಲಸ ತಾನು ಮಾಡಿತ್ತು.

ಕೊನೆಯ ಕೃತಿ ಶುರುವಾಯಿತು. ಎರಡನೆಯ ಏಟು ಹೇಗೋ ಕೊಟ್ಟು ಬೇಕರಿಯಣ್ಣನ ಕಿವಿಯ ಹತ್ತಿರ ಹೋದೆ.

“ಅಣ್ಣಾ, ನಿಮ್ಮ ಟ್ಯೂಬಾದೊಳಗೆ ನನ್ನ ತಂಗಿ ಸಂಸಾರ ಸಿಕ್ಕಿಹಾಕ್ಕೊಂಡಿದೆ.”

“ಆಂ?”

“ಕಾಲ್ಚೀಲ. ಎಲ್ಲರ ಒಡವೆ. ಒಳಗಿದೆ.”

ಅವರು ಒಂದು ಕ್ಷಣ ಯೋಚಿಸಿ, “ಅದಕ್ಕೇ ಭಾರ” ಎಂದರು.

ಆ ಭಾಗದಲ್ಲಿ ಟ್ಯೂಬಾಗೆ ಬಿಡುವಿತ್ತು. ಅವರು ಅದನ್ನು ನನ್ನ ಕಡೆ ವಾಲಿಸಿದರು. ಹಸುವಿನ ಹೆರಿಗೆ ಮಾಡಿಸುವವಳಂತೆ ಭುಜದವರೆಗೆ ಕೈ ಇಳಿಸಿದೆ. ಬೆರಳ ತುದಿಗೆ ಉಣ್ಣೆ ತಾಗುತ್ತಿತ್ತು, ಹಿಡಿತಕ್ಕೆ ಬರುತ್ತಿರಲಿಲ್ಲ. ಟ್ರಯಾಂಗಲ್ ಕಡ್ಡಿಯಿಂದ ಮೀಟಿ ನೋಡಿದೆ. ಕಾಲ್ಚೀಲ ಒಂದಿಷ್ಟು ಮೇಲೆ ಬಂದು, ಯೋಚನೆ ಬದಲಿಸಿ, ಮತ್ತೆ ಕೆಳಗೆ ಜಾರಿತು. ಕಡ್ಡಿ ಅದರ ಪಕ್ಕದಿಂದ ನುಸುಳಿ ಪಾತಾಳಕ್ಕೆ ಹೋಯಿತು. ಟಿಣ್, ಟಿಣ್, ಟಿಣ್.

ಕೃತಿಯಲ್ಲಿಲ್ಲದ ಏಟುಗಳನ್ನು ಕೇಳಿ ಮೇಷ್ಟ್ರು ನನ್ನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬಹುದಿತ್ತು.

ಪಿಟೀಲುಗಳು ಪಿಸುಮಾತಿಗೆ ಇಳಿದವು. ಆಗ ಟ್ಯೂಬಾದ ಹೊಟ್ಟೆಯಿಂದ ಪೀಪೀಪೀ ಎಂದು ಶುರುವಾಯಿತು. ಹಿತ್ತಾಳೆಯೊಳಗೆ ಸುತ್ತಿ ಸುತ್ತಿ ಅದಕ್ಕೆ ಆನೆಬಲ ಬಂದಿತ್ತು. ಮೇಷ್ಟ್ರು ಕೈ ಆಡಿಸುತ್ತಲೇ, ಯಾವ ದರಿದ್ರದವನ ಗಡಿಯಾರ ಎಂದು ಸಾಲು ಸಾಲಾಗಿ ಕಣ್ಣಲ್ಲಿ ಸುಡುತ್ತ ಬಂದರು. ಅರ್ಧ ಸಾಲು ಮುಗಿದ ಮೇಲೆ ಅವರ ಕಿವಿ ಕೆಂಪಾಯಿತು. ಅದು ಅವರದೇ ಗಡಿಯಾರ, ಬಿಪಿ ಮಾತ್ರೆಯ ಅಲಾರಂ. ಭಾಷಣ ಅಷ್ಟುದ್ದ ಇರದಿದ್ದರೆ ಆ ಹೊತ್ತಿಗೆ ಅವರು ಮನೆಯಲ್ಲಿ ನೀರು ಕುಡಿಯುತ್ತಿರುತ್ತಿದ್ದರು.

ಬೇಕರಿಯಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹಿಟ್ಟಿನ ಮೂಟೆ ಸುರಿಯುವವರಂತೆ ಟ್ಯೂಬಾವನ್ನು ತಲೆಕೆಳಗು ಮಾಡಿ ಎರಡು ಸಲ ಕೊಡವಿದರು. ಧೊಪ್ಪೆಂದು ಕಾಲ್ಚೀಲ ಬಿತ್ತು. ಗಂಟು ಹಾಕದ ಬಾಯಿಂದ ಬಳೆ, ಗಡಿಯಾರ, ಉಂಗುರ ಎಲ್ಲ ವೇದಿಕೆಯ ತುಂಬ ಚೆಲ್ಲಾಡಿದವು.

ಚಾವಣಿ ಬಿದ್ದರೂ ನುಡಿಸುವುದು ನಿಲ್ಲಿಸಬಾರದು ಎನ್ನುವುದು ಮೇಷ್ಟ್ರ ಇನ್ನೊಂದು ನಿಯಮ. ಯಾರೂ ನಿಲ್ಲಿಸಲಿಲ್ಲ. ಮನೆತನದ ಉಂಗುರ ಮಾತ್ರ ನೆಟ್ಟಗೆ ನಿಂತು, ಉರುಳಿ, ಔಷಧಿ ಅಂಗಡಿಯಮ್ಮನ ಪಿಯಾನೋ ಪೆಡಲ್ ಸುತ್ತಿಹಾಕಿ, ತಂಗಿಯ ಕಾಲ ಪಕ್ಕದಲ್ಲೇ ಹಾದುಹೋಯಿತು. ಅವಳ ಕಣ್ಣು ಅದರ ಹಿಂದೆ ಹೋಯಿತು, ಕಮಾನು ನಿಲ್ಲಲಿಲ್ಲ. ಸ್ವರ ಮಾತ್ರ ನಡುಗಿತು. ಆ ನಡುಕ ಅದ್ಭುತವಾಗಿತ್ತು ಎಂದು ಮೇಷ್ಟ್ರು ಆಮೇಲೆ ಹೊಗಳಿದರು. ಉಂಗುರ ಅಂಚಿಗೆ ಬಂದು, ಕೆಳಗೆ ಹಾರಿ, ಡಾಕ್ಟರಮ್ಮನ ಚಪ್ಪಲಿಗೆ ತಾಗಿ ಮಲಗಿತು.

ಅವರು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು.

ಟ್ರಯಾಂಗಲ್ ಕೈಯಲ್ಲೇ ಹಿಡಿದು ನಾನು ಬಗ್ಗಿಕೊಂಡು ಅಂಚಿನವರೆಗೆ ಹೋಗಿ ಮಂಡಿಯೂರಿ ಕೈ ಚಾಚಿದೆ.

“ಇದು ನಿನ್ನ ತಂಗೀದಲ್ವಾ?” ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

“ಹೌದು.”

“ಬೆರಳಲ್ಲಿ ಇರ್ಬೇಕಿತ್ತು.”

“ಇರ್ಬೇಕಿತ್ತು.”

ಅಂಗೈಗೆ ಇಟ್ಟರು. ಅಷ್ಟರಲ್ಲಿ ಹಿಂದೆ ಎಲ್ಲ ನಿಶ್ಶಬ್ದವಾಯಿತು. ತಿರುಗಿ ನೋಡಿದರೆ ಮೇಷ್ಟ್ರ ಕೈ ಮೇಲೆ ನಿಂತಿದೆ, ಇಡೀ ವೃಂದ ನನ್ನನ್ನೇ ನೋಡುತ್ತಿದೆ. ಮೂರನೆಯ ಏಟು. ಅದು ಬೀಳದೆ ಕೃತಿ ಮುಗಿಯುವಂತಿಲ್ಲ. ಕೊಡವಿದರೂ ಬೀಳದ ಕಡ್ಡಿ ಟ್ಯೂಬಾದ ಕರುಳಲ್ಲೇ ಇತ್ತು. ನನ್ನ ಕೈಯಲ್ಲಿ ಇದ್ದದ್ದು ಒಂದೇ. ಮನೆತನದ ಉಂಗುರವನ್ನು ಎರಡು ಬೆರಳಲ್ಲಿ ಹಿಡಿದು ಬಾರಿಸಿದೆ.

ನನ್ನ ಜನ್ಮದಲ್ಲಿ ಅಂಥ ನಾದ ಹೊರಡಿಸಿರಲಿಲ್ಲ. ಸಣ್ಣಗೆ, ಸಿಹಿಯಾಗಿ, ಹಿಂದಿನ ಸಾಲಿನವರೆಗೂ ಹೋಗಿ ಕರಗಿತು.

ಚಪ್ಪಾಳೆಯ ನಡುವೆ ಡಾಕ್ಟರಮ್ಮ ಹೂ ಹಿಡಿದು ಮೆಟ್ಟಿಲು ಹತ್ತಿದರು. ತಂಗಿ ಖಾಲಿ ಬೆರಳನ್ನು ಪಿಟೀಲಿನ ಹಿಂದೆ ಅಡಗಿಸಿ ನಿಂತಿದ್ದಳು. ಪ್ರಯೋಜನವಿಲ್ಲವೆಂದು ಗೊತ್ತಾಗಿ ಹೊರಗೆ ತೆಗೆದಳು.

“ತಪ್ಪಾಯ್ತು ಅತ್ತೆ. ಇಳಿಸಲ್ಲ ಅಂತ ಮಾತು ಕೊಟ್ಟಿದ್ದೆ. ನುಡಿಸುವಾಗೆಲ್ಲ ಇಳಿಸ್ತಿದ್ದೆ. ಮೊದಲಿಂದ್ಲೂ.”

“ಗ್ಲೌಸ್ ಒಳಗೆ ಉಂಗುರ ಹಾಕ್ಕೊಂಡು ಹಲ್ಲು ಕೀಳೋಕಾಗುತ್ತಾ?” ಎಂದರು ಡಾಕ್ಟರಮ್ಮ.

ತಂಗಿಗೆ ಅರ್ಥವಾಗಲಿಲ್ಲ.

“ಕೊಡುವಾಗ ಹಾಗೆ ಹೇಳ್ಬೇಕು ಕಣಮ್ಮ. ನಮ್ಮತ್ತೆ ನಂಗೆ ಹೇಳಿದ್ರು, ನಾನು ನಿಂಗೆ ಹೇಳ್ದೆ. ನಾನದನ್ನ ಕ್ಲಿನಿಕ್ಕಲ್ಲಿ ಹತ್ತಿ ಡಬ್ಬೀಲಿ ಇಡ್ತಿದ್ದೆ. ಒಂದ್ಸಲ ಹತ್ತಿ ಜೊತೆ ಒಬ್ಬರ ಬಾಯೊಳಗೇ ಹೋಯ್ತು. ಪಾಪ, ಹಲ್ಲಿನ ಚೂರು ಅಂದ್ಕೊಂಡು ಉಗಿದ್ರು.” ಅವರು ನನ್ನ ಕಡೆ ತಿರುಗಿದರು. “ಅದರಿಂದ ಒಂದು ಉಪಯೋಗ ಅಂತ ಆಗಿದ್ದು ಇವತ್ತೇ. ಕೊಡು ಇಲ್ಲಿ.”

ಕೊಟ್ಟೆ. ಅವರು ತಂಗಿಯ ಬೆರಳು ಹಿಡಿದುಕೊಂಡರು. ಅಷ್ಟರಲ್ಲಿ ಸಭೆಯಿಂದ ‘ಇನ್ನೊಂದು’ ಎಂದು ಕೂಗು ಬಂತು, ಮೇಷ್ಟ್ರು ಹೆಮ್ಮೆ ಮುಚ್ಚಿಕೊಳ್ಳುತ್ತ ಕೈ ಎತ್ತಿದರು. ಡಾಕ್ಟರಮ್ಮ ಬೆರಳು ಬಿಟ್ಟು, ನೆಲದಿಂದ ಕಾಲ್ಚೀಲ ಎತ್ತಿ, ಉಂಗುರವನ್ನು ಒಳಗೆ ಹಾಕಿ, ಬಾಯಿಗೆ ಬಿಗಿಯಾಗಿ ಗಂಟು ಹಾಕಿ, ತಮ್ಮ ಕೈಚೀಲಕ್ಕೆ ಸೇರಿಸಿಕೊಂಡು ಇಳಿದುಹೋದರು. ಹೋಗುವಾಗ ನನ್ನ ಕಡೆ ನೋಡಿ, “ಗಂಟು ಅಂದ್ರೆ ಇದು” ಎಂದರು.

ಈಗ ಕಾಲ್ಚೀಲ ಕಾಯುವವರು ಅವರೇ. ಪ್ರತಿ ಅಭ್ಯಾಸಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತು ನಿದ್ದೆ ಹೊಡೆಯುತ್ತಾರೆ. ನನ್ನ ಕಡ್ಡಿ ಇನ್ನೂ ಟ್ಯೂಬಾ ಬಿಟ್ಟು ಬಂದಿಲ್ಲ. ಮೇಷ್ಟ್ರ ಮುಂದೆ ಅದರ ಮಾತೆತ್ತಲು ನನಗೂ ಧೈರ್ಯವಿಲ್ಲ, ಬೇಕರಿಯಣ್ಣನಿಗೂ ಇಲ್ಲ. ಅವರು ತಗ್ಗಿದ ಸ್ವರ ಊದಿದಾಗ ಒಳಗೆ ಟಿಣ್ ಎನ್ನುತ್ತದೆ. ಮೇಷ್ಟ್ರು ಕೂಡಲೇ ಕೈ ನಿಲ್ಲಿಸಿ, ಯಾರ ಬಳೆ ಅದು ಎಂದು ಒಬ್ಬೊಬ್ಬರ ಮಣಿಕಟ್ಟು ನೋಡುತ್ತ ಬರುತ್ತಾರೆ. ನಾವಿಬ್ಬರೂ ಖಾಲಿ ಕೈ ಎತ್ತಿ ತೋರಿಸುತ್ತೇವೆ.